ನೆಡ್ರಾಳ ದನಿ, ಎಮೆರಿಯ ಕಿವಿ

ನಮ್ಮಣ್ಣ ಎಮೆರಿ ಹೊರತಂದ ರೆಕಾರ್ಡುಗಳ ಹುಚ್ಚು ಹಿಡಿದು ಈಗಲೂ ಕೆಲವು ಹುಡುಗರು ನಮ್ಮೂರು ಟೊಲೀಡೊ ತನಕ ಬರುತ್ತಾರೆ. ಮೊದಲು ಮನೆಯ ಬಾಗಿಲು ತಟ್ಟುತ್ತಾರೆ. ಅಲ್ಲಿ ಅಮ್ಮ ಹಂಗೇರಿಯನ್ ಭಾಷೆಯಲ್ಲಿ ಬೈದು ಕಳಿಸಿದ ಮೇಲೆ ನಾನು ಕೆಲಸ ಮಾಡುವ ಲಾಂಡ್ರಿಗೆ ಬಂದು ನಿಲ್ಲುತ್ತಾರೆ. ಎಲ್ಲರದೂ ಒಂದೇ ಪ್ರಶ್ನೆ: ಆ ಸದ್ದನ್ನು ಎಮೆರಿ ಹೇಗೆ ಮಾಡಿದ? ಯಾವ ಮೈಕು, ಯಾವ ಯಂತ್ರ, ಗೋಡೆಗೆ ಏನು ಬಡಿದಿದ್ದ? ಪಾಪ, ದೂರದಿಂದ ಬಂದವರು ಎಂದು ನಾನೂ ಬಾಯಿಗೆ ಬಂದದ್ದೊಂದು ಹೇಳುತ್ತೇನೆ. ಒಬ್ಬನಿಗೆ ತಗಡಿನ ಡಬ್ಬ ಎಂದೆ. ಇನ್ನೊಬ್ಬನಿಗೆ ನೆಲಮಾಳಿಗೆಯ ತೇವ ಎಂದೆ. ಇಬ್ಬರೂ ಗುರು ಉಪದೇಶ ಸಿಕ್ಕವರಂತೆ ತಲೆಯಾಡಿಸಿಕೊಂಡು ಹೋದರು.

ಎಮೆರಿಯ ಕಂಪನಿಯ ಹೆಸರು ಡ್ರೈನ್‌ಪೈಪ್. ಕಂಪನಿ ಎಂದರೆ ನಮ್ಮ ನೆಲಮಾಳಿಗೆ, ಒಂದು ಹಳೆಯ ಟೇಪ್ ಯಂತ್ರ ಮತ್ತು ಬಿಟ್ಟಿ ಚಾಕರಿಗೆ ನಾನು, ಅವನ ತಂಗಿ ಮಾರ್ಗಿಟ್. ದೊಡ್ಡ ಕಂಪನಿಗಳು ಮೂಸಿಯೂ ನೋಡದ ತಂಡಗಳನ್ನು ಅವನು ಭಾನುವಾರ ಬೆಳಿಗ್ಗೆ ಕರೆಸುತ್ತಿದ್ದ, ಏಕೆಂದರೆ ಅಮ್ಮ ಚರ್ಚಿಗೆ ಹೋಗಿರುವಾಗ ಮಾತ್ರ ಗಲಾಟೆ ಮಾಡಬಹುದಿತ್ತು. ಮನೆ ಬೆಚ್ಚಗಿಡುವ ಬಾಯ್ಲರಿನ ಗುಂಯ್ ಸದ್ದು ಟೇಪಿಗೆ ಬೀಳಬಾರದೆಂದು ಅದನ್ನು ಆರಿಸಿಬಿಡುತ್ತಿದ್ದ. ಚಳಿಗಾಲದಲ್ಲಿ ಕೋಟು ಟೋಪಿ ಹಾಕಿಕೊಂಡೇ ನುಡಿಸುತ್ತಿದ್ದೆವು. ಅಚ್ಚಾಗಿ ಬಂದ ರೆಕಾರ್ಡುಗಳಿಗೆ ಕಾಗದದ ಹೊದಿಕೆ ಮಡಚಿ ಅಂಟಿಸುವ ಕೆಲಸ ಅಮ್ಮನ ಊಟದ ಮೇಜಿನ ಮೇಲೆ ನಡೆಯುತ್ತಿತ್ತು.

“ನಿನ್ನೆ ಕೋಸಿನ ಸುರುಳಿ ಬರೀ ಗೋಂದಿನ ವಾಸನೆ. ಹೊಟ್ಟೇಲಿ ಹಾಗೇ ಅಂಟ್ಕೊಂಡು ಕೂತಿದೆ” ಎನ್ನುತ್ತಿದ್ದಳು ಅಮ್ಮ.

“ಒಳ್ಳೇದೇ ಆಯ್ತಲ್ಲಮ್ಮ, ಎರಡು ದಿನ ಹಸಿವೇ ಆಗಲ್ಲ” ಎನ್ನುತ್ತಿದ್ದ ಎಮೆರಿ.

ವಾರದ ದಿನಗಳಲ್ಲಿ ಅವನು ಬಾಟಲಿ ಕಾರ್ಖಾನೆಗೆ ಹೋಗುತ್ತಿದ್ದ. ಹೈಸ್ಕೂಲು ಬಿಟ್ಟಾಗಿನಿಂದ ಅದೇ ಕೆಲಸ. ಯಂತ್ರಗಳು ಬಿಸಿ ಬಾಟಲಿಗಳನ್ನು ಉಗುಳುವ ಆ ಕೋಣೆಯಲ್ಲಿ ಪಕ್ಕದವನ ಹತ್ತಿರ ಮಾತಾಡಬೇಕೆಂದರೆ ಕೈಸನ್ನೆಯೇ ಗತಿ. ಕಿವಿಗೆ ಹತ್ತಿ ಇಟ್ಟುಕೊಂಡರೆ ಉಳಿದವರು ‘ಏನಮ್ಮಾ ರಾಜಕುಮಾರಿ’ ಎಂದು ಕಾಡುತ್ತಿದ್ದರಂತೆ. ಸಂಜೆ ಬಂದು ಊಟ ಮಾಡಿ ನೆಲಮಾಳಿಗೆಗೆ ಇಳಿದರೆ ಅಲ್ಲಿ ಗಿಟಾರುಗಳ ಅರಚಾಟ. ಹೀಗೆ ಅವನ ಕಿವಿಗಳಿಗೆ ಹಗಲೂ ಪಾಳಿ, ರಾತ್ರಿಯೂ ಪಾಳಿ.

ಹಾಡುಗಾರರು ಹೋದ ಮೇಲೆ ಎಮೆರಿ ಒಬ್ಬನೇ ಕುಳಿತು ಎಲ್ಲ ವಾದ್ಯಗಳನ್ನೂ ದನಿಯನ್ನೂ ಹದವಾಗಿ ಬೆರೆಸುತ್ತಿದ್ದ. ಆಗ ಯಾರೂ ಕೆಳಗೆ ಇಳಿಯುವ ಹಾಗಿರಲಿಲ್ಲ. ಆಮೇಲೆ ಕೇಳಿದರೆ ಡ್ರಮ್ಮಿನ ಕಂಚಿನ ತಾಳಗಳು ಚೂರಿಯ ಹಾಗೆ ಇರಿಯುತ್ತಿದ್ದವು, ಗಿಟಾರು ಹಲ್ಲು ಜುಮ್ಮೆನಿಸುತ್ತಿತ್ತು, ಹಾಡುವವರ ಪ್ರತಿಯೊಂದು ‘ಸ’ಕಾರವೂ ಗಾಜಿನ ಮೇಲೆ ಮೊಳೆ ಎಳೆದಂತಿತ್ತು. ನಾವದನ್ನು ಶೈಲಿ ಎಂದುಕೊಂಡೆವು. ಆ ವರ್ಷಗಳಲ್ಲಿ ಇಂಪಾಗಿರುವುದೇ ಒಂದು ಅವಮಾನ. ಬಾಸ್ಟನ್ನಿನ ಒಂದು ಪತ್ರಿಕೆ ‘ಟೊಲೀಡೊದ ನೆಲಮಾಳಿಗೆಯಲ್ಲಿ ಯಾರೋ ಕಿವಿಯೊಳಗೇ ಗಾಜು ಒಡೆಯುತ್ತಿದ್ದಾರೆ’ ಎಂದು ಹೊಗಳಿ ಬರೆಯಿತು. ಎಮೆರಿ ಅದನ್ನು ಕತ್ತರಿಸಿ ಬಾಯ್ಲರಿಗೆ ಅಂಟಿಸಿದ. ಡೆಟ್ರಾಯ್ಟಿನಿಂದ, ಕ್ಲೀವ್‌ಲ್ಯಾಂಡಿನಿಂದ ತಂಡಗಳು ಬಂದು ‘ನಮಗೂ ಆ ಗಾಜಿನ ಸದ್ದು ಬೇಕು’ ಎನ್ನತೊಡಗಿದವು. ಎಮೆರಿ ಮಾತ್ರ ಇದು ಯಾವ ಗಾಜಪ್ಪಾ ಎನ್ನುವ ಹಾಗೆ ಮುಖ ನೋಡುತ್ತಿದ್ದ. ಅದನ್ನೂ ನಾವು ದೊಡ್ಡವರ ವಿನಯ ಎಂದುಕೊಂಡೆವು.

ನೆಡ್ರಾ ನಮ್ಮದೇ ತಂಡದ ಹಾಡುಗಾರ್ತಿ. ನಾನು ಅವಳ ಪಕ್ಕದಲ್ಲಿ ತಗ್ಗು ಸ್ವರದ ಬೇಸ್ ಗಿಟಾರು ನುಡಿಸುತ್ತಿದ್ದೆ. ಹಗಲು ಅವಳು ಟೆಲಿಫೋನ್ ಕಚೇರಿಯಲ್ಲಿ, ಕೇಳಿದವರಿಗೆ ಫೋನ್ ನಂಬರು ಹುಡುಕಿ ಹೇಳುವವಳು. ಅವಳ ದನಿ ಎಷ್ಟು ಮೃದುವಾಗಿತ್ತೆಂದರೆ ನಂಬರು ಸಿಕ್ಕ ಮೇಲೂ ಮುದುಕರು ಫೋನಿಡುತ್ತಿರಲಿಲ್ಲ. ಸಂಜೆ ಅದೇ ಗಂಟಲಲ್ಲಿ ಬಾರುಗಳಲ್ಲಿ ಕಿರುಚುತ್ತಿದ್ದಳು. ಎಮೆರಿಗೆ ಅವಳ ಮೇಲೆ ಮನಸ್ಸಿತ್ತು. ಇದು ನನಗೆ ಗೊತ್ತಿತ್ತು, ಅಮ್ಮನಿಗೆ ಗೊತ್ತಿತ್ತು, ನೆಡ್ರಾಗೂ ಗೊತ್ತಿತ್ತು. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಆ ಪುಣ್ಯಾತ್ಮನಿಗೆ ಬರಲಿಲ್ಲ.

ಒಂದು ವರ್ಷ ಕ್ರಿಸ್‌ಮಸ್ ಕಳೆದ ಮೇಲೆ ನೆಡ್ರಾಳ ಗಂಟಲಲ್ಲಿ ಗಂಟು ಕಾಣಿಸಿತು. ಮಾರ್ಚ್‌ನಲ್ಲಿ ಕೊಯ್ದು ತೆಗೆಯಬೇಕು, ಆಮೇಲೆ ದನಿ ಹೇಗಿರುತ್ತದೋ ಹೇಳಲಾಗದು ಎಂದರು ಡಾಕ್ಟರು. ಅವಳು ನಮ್ಮ ಅಡುಗೆಮನೆಗೆ ಬಂದು ಕೋಟು ಬಿಚ್ಚದೆಯೇ ಕುಳಿತಳು.

“ಎಮೆರಿ, ನನ್ನ ಹತ್ರ ಮೆತ್ತಗಿನ ಹಾಡು ಒಂದಷ್ಟಿವೆ. ನಾನೇ ಬರೆದಿದ್ದು. ಇಷ್ಟು ದಿನ ನಾಚ್ಕೊಂಡು ಯಾರಿಗೂ ಹೇಳ್ಲಿಲ್ಲ. ಅದನ್ನ ಹಿಡಿದಿಡ್ತೀಯಾ?”

“ಮೆತ್ತಗಿಂದಾ? ಡ್ರೈನ್‌ಪೈಪ್‌ನಿಂದಲಾ?” ಎಂದೆ ನಾನು. “ನಮ್ಮ ಗಿರಾಕಿಗಳು ಕಲ್ಲು ಹೊಡೀತಾರೆ ಅಷ್ಟೆ.”

“ಹೊಡೀಲಿ ಬಿಡು. ನನಗೆ ಹೇಗೆ ಹಾಡೋಕೆ ಬರ್ತಿತ್ತು ಅಂತ ನನಗೇ ಮರ್ತು ಹೋಗೋ ಮುಂಚೆ ಒಂದು ಕಡೆ ಇರಬೇಕು ಕಣೇ. ಅಷ್ಟೇ ನನಗೆ ಬೇಕಾಗಿರೋದು.”

ಎಮೆರಿ ಮೇಜಿನ ಮೇಲಿನ ಗೋಂದನ್ನು ಉಗುರಿನಲ್ಲಿ ಕೆರೆಯುತ್ತ, “ಭಾನುವಾರ ಬಾ. ಸ್ವೆಟರ್ ಹಾಕ್ಕೊಂಡು ಬಾ” ಎಂದ. ಅವನ ಬಾಯಲ್ಲಿ ಪ್ರೀತಿ ಎಂದರೆ ಅಷ್ಟೇ.

ಫೆಬ್ರವರಿಯ ಭಾನುವಾರಗಳೆಲ್ಲ ಅದಕ್ಕೇ ಹೋದವು. ಅವಳು ಗಿಟಾರು ಹಿಡಿದು ಹಾಡಿದಳು, ನಾನು ಬೇಸ್ ನುಡಿಸಿದೆ, ಬೇರೆ ವಾದ್ಯವಿಲ್ಲ. ಆ ದನಿಯನ್ನು ಏನೆಂದು ಹೇಳಲಿ. ಎರಡನೆಯ ಹಾಡಿನ ನಡುವೆ ಒಂದು ಕಡೆ ಅವಳು ಉಸಿರೆಳೆದುಕೊಂಡು ಮೇಲಿನ ಸ್ವರಕ್ಕೆ ಹೋಗುತ್ತಿದ್ದಳು. ಮಲಗಿದ ಮಗುವಿನ ಪಕ್ಕದಿಂದ ತಾಯಿ ಏಳುವಷ್ಟು ಮೆಲ್ಲಗೆ. ಅಲ್ಲಿಗೆ ಬಂದಾಗಲೆಲ್ಲ ಎಮೆರಿ ತನ್ನಷ್ಟಕ್ಕೆ ತಾನೇ ನಗುತ್ತಿದ್ದ. ಕೊನೆಯ ಭಾನುವಾರ ಚರ್ಚಿನಿಂದ ಬೇಗ ಬಂದ ಅಮ್ಮ ಟೋಪಿಯನ್ನೂ ತೆಗೆಯದೆ ಮೆಟ್ಟಿಲ ಮೇಲೆ ನಿಂತು ಕೇಳಿದಳು. ಹಾಡು ಮುಗಿದಾಗ ಮೂಗು ಒರೆಸಿಕೊಂಡು, “ಇವಳಿಗೆ ಹಾಡೋಕೂ ಬರುತ್ತೆ ಅಂತ ಇಷ್ಟು ವರ್ಷ ಯಾಕ್ರೋ ಮುಚ್ಚಿಟ್ಟಿದ್ರಿ?” ಎಂದಳು.

ಎಮೆರಿ ಎಂದಿನಂತೆ ಒಬ್ಬನೇ ಕುಳಿತು ಬೆರೆಸಿದ, ಅದನ್ನು ಅಚ್ಚು ಹಾಕುವ ಕಾರ್ಖಾನೆಗೆ ಕಳಿಸಿದ. ದನಿ, ವಾದ್ಯ ಎಲ್ಲ ಬೇರೆಬೇರೆಯಾಗಿ ಇರುವ ಮೂಲದ ಅಗಲ ಟೇಪು ತುಟ್ಟಿ ಸರಕು, ನಮ್ಮಂಥವರು ಅದನ್ನು ಇಟ್ಟುಕೊಳ್ಳುತ್ತಿರಲಿಲ್ಲ. ಬೆರೆಸಿ ಮುಗಿಯಿತೆಂದರೆ ಅದರ ಮೇಲೆಯೇ ಮುಂದಿನ ತಂಡದ ಹಾಡು. ಡೆಟ್ರಾಯ್ಟಿನ ಹುಡುಗರು ಕಾಯುತ್ತಿದ್ದರು. ನೆಡ್ರಾಳ ಹಾಡುಗಳನ್ನು ಅಳಿಸಿ ಅವರ ಡ್ರಮ್ಮುಗಳನ್ನು ತುಂಬಿದ್ದಾಯಿತು. ಎಲ್ಲ ಕಂಪನಿಗಳೂ ಹಾಗೇ ಮಾಡುತ್ತಿದ್ದವು, ಯಾರಿಗೂ ಏನೂ ಅನ್ನಿಸಲಿಲ್ಲ.

ಮಾರ್ಚ್‌ನಲ್ಲಿ ನೆಡ್ರಾಳ ಗಂಟಲಿನ ಗಂಟು ಕೊಯ್ದು ತೆಗೆದರು. ಡಾಕ್ಟರು ಹೇಳುವ ತನಕ ಒಂದಕ್ಷರ ಆಡಬಾರದೆಂದು ಕಟ್ಟಪ್ಪಣೆ. ಅವಳು ಕೈಸನ್ನೆಯಲ್ಲೇ ದಿನ ದೂಡುತ್ತಿದ್ದಳು. ಆಗಲೇ ಅಚ್ಚಿನ ಕಾರ್ಖಾನೆಯಿಂದ ಮಾದರಿ ರೆಕಾರ್ಡು ಬಂತು. ಕೇಳಿ ಸರಿಯಿದೆ ಎಂದು ನಾವು ಒಪ್ಪಿದರೆ ಅವರು ಉಳಿದದ್ದನ್ನು ಅಚ್ಚು ಹಾಕುತ್ತಾರೆ. ಎಮೆರಿ ನೆಡ್ರಾಳನ್ನು ಹಳೆಯ ಸೋಫಾದಲ್ಲಿ ಕೂರಿಸಿದ, ಅಮ್ಮನನ್ನೂ ಕರೆದ, ತಾನು ನಮಗೆ ಬೆನ್ನು ಹಾಕಿ ಯಂತ್ರದ ಮುಂದೆ ಕುಳಿತು ಸೂಜಿ ಇಳಿಸಿದ.

ಮೊದಲ ಸಾಲಿಗೇ ಅಮ್ಮ ಕಿವಿ ಮುಚ್ಚಿಕೊಂಡಳು. ಅದು ನೆಡ್ರಾಳ ದನಿಯಲ್ಲ. ಅವಳ ದನಿಯನ್ನು ಗಾಜಿನ ಚೂರುಗಳ ಮೇಲೆ ಎಳೆದಾಡಿದ ಸದ್ದು. ಒಂದೊಂದು ‘ಸ’ಕಾರಕ್ಕೂ ಕಣ್ಣು ತಾನಾಗಿ ಮುಚ್ಚುತ್ತಿತ್ತು. ಆ ಉಸಿರಿನ ಜಾಗದಲ್ಲಂತೂ ಏನೋ ಹರಿದುಹೋದಂತೆ ಕೇಳಿಸಿತು. ನಾನು ನೆಡ್ರಾಳ ಮುಖ ನೋಡಲಾರದೆ ಎಮೆರಿಯನ್ನು ನೋಡಿದೆ. ಅವನು ಅದೇ ಜಾಗದಲ್ಲಿ ಎಂದಿನಂತೆ ನಗುತ್ತಿದ್ದ.

“ಇನ್ನೂ ಒಂಚೂರು ಮಂಕಾಯ್ತೇನೋ. ಆದ್ರೂ ನೆಡ್ರಾನೇ, ಅಲ್ವಾ?” ಎಂದ, ಬೆನ್ನು ತಿರುಗಿಸಿಕೊಂಡೇ.

ನೆಡ್ರಾ ಎದ್ದಳು. ಸೂಜಿ ಮೇಲೆತ್ತಿದಳು. ಕೋಟಿನ ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಎಮೆರಿಯ ತಲೆಯ ಹಿಂದೆ ಹಿಡಿದು ಝಣಝಣ ಆಡಿಸಿದಳು. ಅವನು ತಿರುಗಲಿಲ್ಲ. ಇನ್ನೊಂದು ಕಿವಿಯ ಹತ್ತಿರ ಆಡಿಸಿದಳು. ಅವನು ಕಪಾಟಿನ ಮೇಲಿದ್ದ ಬಿಯರಿಗೆ ಕೈ ಚಾಚಿದ. ಬಾಟಲಿ ಕಾರ್ಖಾನೆ ಅವನ ಕಿವಿಯಿಂದ ಮೊನಚು ಸದ್ದುಗಳನ್ನಷ್ಟೇ ತಿಂದುಹಾಕಿತ್ತು, ಅವು ತನಗೆ ಕೇಳಿಸುವ ತನಕ ಅವನು ಏರಿಸುತ್ತ ಬಂದಿದ್ದ. ಬಾಯ್ಲರಿನ ಮೇಲೆ ಬಾಸ್ಟನ್ನಿನ ಹೊಗಳಿಕೆ ಹಾಗೇ ಅಂಟಿಕೊಂಡಿತ್ತು. ಕೋಣನ ಮುಂದೆ ಕಿನ್ನರಿ ಬಾರಿಸುವುದೆಂದರೆ ಜನ ನಗುತ್ತಾರೆ. ಇಲ್ಲಿ ಕೋಣನೇ ಇಷ್ಟು ವರ್ಷ ನಮಗೆಲ್ಲ ಕಿನ್ನರಿ ಬಾರಿಸಿತ್ತು, ನಾವು ಸುತ್ತ ಕುಳಿತು ಆಹಾ ಎಂದಿದ್ದೆವು. ನನಗೆ ಅಂದು ಬಂದ ಸಿಟ್ಟು ಅವನ ಮೇಲಲ್ಲ, ನಮ್ಮೆಲ್ಲರ ಮೇಲೆ.

ನೆಡ್ರಾ ಅವನ ಮುಂದೆ ಬಂದು ನಿಂತಳು. ಡಾಕ್ಟರ ಅಪ್ಪಣೆ ಮುರಿದು ಬಾಯಿ ತೆರೆದಳು.

“ಇನ್ನೊಂದ್ಸಲ ಬೆರೆಸು.”

ಅವಳ ಹೊಸ ದನಿಯನ್ನು ನಾವು ಕೇಳಿದ್ದು ಆಗ. ಮರಳು ಕಾಗದ ಉಜ್ಜಿದ ಹಾಗಿತ್ತು. ಅಮ್ಮ ಶಿಲುಬೆಯ ಗುರುತು ಮಾಡಿಕೊಂಡಳು.

“ಯಾಕೆ? ಏನಾಯ್ತು?” ಎಂದ ಎಮೆರಿ. ಆಮೇಲೆ ಅವಳ ಕೈಯಲ್ಲಿದ್ದ ಬೀಗದ ಕೈಗಳನ್ನು ನೋಡಿದ. ಅವಳು ಮತ್ತೆ ಆಡಿಸಿದಳು, ಈ ಸಲ ಅವನ ಕಣ್ಣೆದುರಿಗೆ. ಅವನು ಗೊಂಚಲನ್ನು ತೆಗೆದುಕೊಂಡು ತನ್ನ ಕಿವಿಯ ಹತ್ತಿರ ತಾನೇ ಆಡಿಸಿ ನೋಡಿದ.

“ಬೇರೆಯವರ ರೆಕಾರ್ಡೆಲ್ಲ ವರ್ಷವರ್ಷಕ್ಕೂ ಮಂಕಾಗ್ತಿದೆ ಅಂದ್ಕೊಂಡಿದ್ದೆ ಕಣೇ ಮಾರ್ಗಿಟ್” ಎಂದ ನನಗೆ. “ನಾನೊಬ್ನೇ ಸರಿಯಾಗಿ ಮಾಡ್ತಿದೀನಿ ಅಂದ್ಕೊಂಡಿದ್ದೆ.”

“ಟೇಪು?” ಎಂದಳು ನೆಡ್ರಾ.

ಟೇಪಿನ ವಿಷಯ ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಆದರೂ ಕೇಳಿದಳು. ಎಮೆರಿ ತಲೆಯ ಮೇಲೆ ಕೈ ಹೊತ್ತು ಕುಳಿತ.

ಉಳಿದಿದ್ದ, ಬೆರೆಸಿ ಮುಗಿಸಿದ ಟೇಪನ್ನು ತೆಗೆದುಕೊಂಡು ನಾನು ಆನ್ ಆರ್ಬರಿನ ಒಂದು ದೊಡ್ಡ ಸ್ಟುಡಿಯೋಗೂ ಹೋಗಿಬಂದೆ. ಅಲ್ಲಿನವನು ಏನೇನೋ ತಿರುಗಿಸಿ ನೋಡಿದ. ಮೊನಚು ಕಡಿಮೆ ಮಾಡಿದರೆ ಕಂಬಳಿ ಹೊದ್ದು ಹಾಡಿದಂತೆ ಕೇಳಿಸಿತು, ಹರಿದದ್ದು ಹರಿದೇ ಇತ್ತು. “ಹಾಲು ಹುಳಿ ಹಿಂಡಿದ ಮೇಲೆ ಏನು ಮಾಡಿದ್ರೂ ಹಾಲಾಗಲ್ಲಮ್ಮ” ಎಂದು ಅವನು ಟೇಪನ್ನು ನನ್ನ ಕೈಗಿಟ್ಟ.

ನೆಡ್ರಾ ರೆಕಾರ್ಡನ್ನು ಹಾಗೇ ಹೊರತರಲು ಹೇಳಿದಳು. ಹೆಸರಾದರೂ ನನ್ನದಿರಲಿ ಎಂದಳು. ಪತ್ರಿಕೆಗಳು ಕುಣಿದಾಡಿದವು. ಒಬ್ಬ ‘ಹೆಣ್ಣಿನ ರೋಷ ಇಷ್ಟು ಹಸಿಯಾಗಿ ಎಂದೂ ಕೇಳಿಸಿರಲಿಲ್ಲ’ ಎಂದು ಬರೆದ. ರೋಷವಂತೆ. ಅವನು ಹೊಗಳಿದ ಹಾಡು ಅವಳ ಸತ್ತ ಅಜ್ಜಿ ಬಟ್ಟೆ ಒಣಗಿಸುತ್ತಿದ್ದುದರ ಬಗ್ಗೆ ಇತ್ತು. ಟೆಲಿಫೋನ್ ಕಚೇರಿಯಲ್ಲಿ ಅವಳನ್ನು ಹಿಂದಿನ ಕೋಣೆಗೆ, ಮಾತಿಲ್ಲದ ಕೆಲಸಕ್ಕೆ ಹಾಕಿದರು. ಹಾಡುವುದಂತೂ ಮುಗಿದುಹೋಯಿತು. ಎಮೆರಿ ಡ್ರೈನ್‌ಪೈಪನ್ನು ನಿಲ್ಲಿಸಿದ. ಗಾಜಿನ ಸದ್ದು ಬೇಕೆಂದು ಬಂದ ತಂಡಗಳಿಗೆ ಬಾಗಿಲಲ್ಲೇ “ಅಂಗಡಿ ಮುಚ್ಚಿದೆ” ಎಂದು ಹೇಳಿ ಕಳಿಸಿದ, ಬಾಟಲಿ ಕೆಲಸಕ್ಕೆ ಮಾತ್ರ ಹೋಗುತ್ತಿದ್ದ.

ಆದರೆ ನೆಡ್ರಾ ಭಾನುವಾರ ಬರುವುದನ್ನು ಬಿಡಲಿಲ್ಲ. ಅಮ್ಮ ಚರ್ಚಿಗೆ ಹೋದ ಮೇಲೆ ಬಂದು, ನೆಲಮಾಳಿಗೆಯಲ್ಲಿ ಆ ರೆಕಾರ್ಡನ್ನೇ ಹಾಕಿ, ಎಮೆರಿಯ ಎದುರು ಕುರ್ಚಿ ಎಳೆದುಕೊಂಡು ಕೂರುತ್ತಿದ್ದಳು. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಅವಳು ತನ್ನ ಕಿವಿಗೆ ಹತ್ತಿ ತುಂಬಿಕೊಂಡು ಅವನ ಮುಖ ನೋಡುತ್ತಿದ್ದಳು.

“ನಿನಗೇನು ಹುಚ್ಚೇನೇ?” ಎಂದು ಒಮ್ಮೆ ಕೇಳಿದೆ. “ಕೇಳೋಕಾಗದ್ದನ್ನ ಯಾಕೆ ಹಾಕ್ತೀಯ?”

“ನಮಗೆ ಕೇಳ್ಸೋದು ಆ ದರಿದ್ರ ಗಾಜು. ಅವನಿಗೆ ಅದು ಕೇಳ್ಸಲ್ವಲ್ಲ, ಅದಕ್ಕೇ ಅವನಿಗೆ ಕೇಳ್ಸೋದು ನಾನು. ಈ ಪ್ರಪಂಚದಲ್ಲಿ ನನ್ನ ದನಿ ಉಳಿದಿರೋದು ಅವನ ತಲೇಲಿ ಒಂದೇ ಕಡೆ” ಎಂದಳು ಆ ಒರಟು ದನಿಯಲ್ಲಿ. “ಆ ಉಸಿರಿನ ಜಾಗ ಬಂದಾಗ ನಗ್ತಾನೆ ನೋಡು. ಆಗ ನನಗೂ ಕೇಳಿಸಿದ ಹಾಗಾಗುತ್ತೆ.”

ಮತ್ತೆ ನಾನು ಕೇಳಲಿಲ್ಲ. ಅವರಿಬ್ಬರೂ ಮದುವೆಯಾಗಲಿಲ್ಲ, ಆ ಮಾತನ್ನೂ ಎತ್ತಲಿಲ್ಲ. ವರ್ಷಗಳು ಹೋದವು. ಎಮೆರಿ ಸದ್ದಿನ ಗುಂಡಿಯನ್ನು ಸ್ವಲ್ಪ ಸ್ವಲ್ಪವೇ ಏರಿಸುತ್ತ ಬಂದ. ಪಕ್ಕದ ಮನೆಯವರು ಪೊಲೀಸರಿಗೆ ಹೇಳುತ್ತೇವೆ ಎಂದರು, ಆಮೇಲೆ ಅವರೇ ಮನೆ ಬದಲಿಸಿದರು. ಕಾರ್ಖಾನೆಯ ಡಾಕ್ಟರು ಕೊಟ್ಟ ಕಿವಿಯಂತ್ರ ಕೀರಲು ಹೊಡೆಯುತ್ತದೆ ಎಂದು ಎಮೆರಿ ಅದನ್ನು ಅಡುಗೆಮನೆಯ ಖಾನೆಯಲ್ಲಿ ಚಮಚಗಳ ಜೊತೆ ಎಸೆದಿಟ್ಟ. ಉಸಿರಿನ ಜಾಗದ ನಗು ಒಮ್ಮೊಮ್ಮೆ ತಡವಾಗಿ ಬರುತ್ತಿತ್ತು. ಅದು ನನಗೆ ಗೊತ್ತಾಗುತ್ತಿತ್ತು, ನೆಡ್ರಾಗೆ ನನಗಿಂತ ಮೊದಲೇ ಗೊತ್ತಾಗಿರಬೇಕು.

ಹೋದ ನವೆಂಬರಿನ ಒಂದು ಭಾನುವಾರ ನಾನೂ ಕೆಳಗಿದ್ದೆ. ಗುಂಡಿ ಕೊನೆಯವರೆಗೆ ತಿರುಗಿತ್ತು, ಕಪಾಟಿನ ಮೇಲಿನ ಖಾಲಿ ಬಾಟಲಿಗಳು ನಡುಗುತ್ತಿದ್ದವು. ಮೊದಲ ಹಾಡು ಮುಗಿದು ಎರಡನೆಯದು ಶುರುವಾಯಿತು. ನೆಡ್ರಾ ಮುಂದಕ್ಕೆ ಬಾಗಿ ಕುಳಿತಿದ್ದಳು. ಉಸಿರಿನ ಜಾಗ ಬಂತು, ಹೋಯಿತು. ಎಮೆರಿ ನಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಬೆರಳಲ್ಲಿ ತೊಡೆ ತಟ್ಟುತ್ತ ಕುಳಿತಿದ್ದು ಕಣ್ಣು ತೆರೆದ.

“ಬೇಸ್ ಚೆನ್ನಾಗಿ ನುಡಿಸಿದೀಯ ಮಾರ್ಗಿಟ್” ಎಂದ. “ಆದ್ರೆ ಹಾಡಿಗೆ ಮುಂಚಿನ ವಾದ್ಯ ಇಷ್ಟುದ್ದ ಇತ್ತಾ? ನೆಡ್ರಾ ಯಾವಾಗ ಶುರು ಮಾಡ್ತಾಳೆ?”

ನಾನು ಗೋಡೆಯ ಕಡೆ ತಿರುಗಿದೆ. ನೆಡ್ರಾ ತನ್ನ ಕಿವಿಯ ಹತ್ತಿಯನ್ನು ತೆಗೆದು ಜೇಬಿಗೆ ಹಾಕಿಕೊಂಡಳು. ಅವನ ಎರಡೂ ಕೈಗಳನ್ನು ಹಿಡಿದು, ತುಟಿ ಓದಲು ಬರುವಂತೆ ಒಂದೊಂದೇ ಮಾತನ್ನು ಬಿಡಿಸಿ ಹೇಳಿದಳು.

“ತಾಳು. ಇನ್ನೇನು ಶುರು ಮಾಡ್ತಾಳೆ.”

ಅವನು ಸರಿ ಎಂದು ತಲೆಯಾಡಿಸಿ ಮತ್ತೆ ಕಣ್ಣು ಮುಚ್ಚಿ ಕಾಯುತ್ತ ಕುಳಿತ.