ಮಾವನ ಒಂದು ಭೇಷ್

ನನ್ನ ಮಾವ ನಂಗೆ ಇವತ್ತಿನವರೆಗೂ ಒಂದು ಸಲಾನೂ ಭೇಷ್ ಅಂದಿಲ್ಲ. ಮದುವೆಯಾಗಿ ಬಂದ ಹೊಸದರಲ್ಲೇ ಅವರ ಹತ್ತಿರ ಮೋರ್ಸ್ ಕಲಿತೆ, ಗಿಡ್ಡ ಡಾಟ್, ಉದ್ದ ಡ್ಯಾಶ್ ಒತ್ತಿ ಅಕ್ಷರ ಕಳಿಸೋ ತಂತಿ ಭಾಷೆ. ಪರೀಕ್ಷೆ ಬರೆದು ಹವ್ಯಾಸಿ ರೇಡಿಯೋ ಲೈಸೆನ್ಸ್ ತಗೊಂಡೆ. ಆಂಟೆನಾ ಕಟ್ಟೋಕೆ ಅಂತ ಏಣಿ ಹತ್ತಿ, ಬಿದ್ದು, ಬಲಗೈ ಮುರ್ಕೊಂಡೆ. ಬ್ಯಾಂಡೇಜ್ ಹಾಕ್ಕೊಂಡು ಎಡಗೈಲಿ ಕೀ ಒತ್ತಿ ತೋರಿಸಿದಾಗ ಆ ಮನುಷ್ಯ ಅಂದಿದ್ದೇನು ಗೊತ್ತಾ? "ಡಾಟ್ ಸರಿ ಇದೆ. ಡ್ಯಾಶ್ ಗಿಡ್ಡ." ಅಷ್ಟೇ. ಕೈ ಹೇಗಿದೆ ಅಂತಾನೂ ಕೇಳಲಿಲ್ಲ.

ಅವರು ಹಡಗಿನಲ್ಲಿ ರೇಡಿಯೋ ಆಫೀಸರ್ ಆಗಿದ್ದವರು. ಹೊಗಳಿಕೆ ಅನ್ನೋದು ಅವರ ಬಾಯಲ್ಲಿ ಬರೋದೇ ಕಷ್ಟ. ಇಬ್ಬರು ಗಂಡುಮಕ್ಕಳಿಗೂ ರೇಡಿಯೋ ಅಂದ್ರೆ ಆಗಲ್ಲ. ಮಹಡಿ ಮೇಲಿನ ಆ ಪುಟ್ಟ ರೇಡಿಯೋ ರೂಮಿಗೆ ಹಿರೀ ಸೊಸೆ ನಾನೇ ಗತಿ, ಇವತ್ತಲ್ಲ ನಾಳೆ ಬೆನ್ನು ತಟ್ಟೇ ತಟ್ಟುತ್ತಾರೆ ಅಂತ ಕಾದೆ. ಕೆಳಗೆ ನಂದೇ ಕನ್ನಡಕದ ಅಂಗಡಿ ಇದೆ. ಮಧ್ಯಾಹ್ನ ಶಟರ್ ಎಳೆದು ಊಟಕ್ಕೆ ಮುಂಚೆ ಮೇಲೆ ಓಡ್ತಿದ್ದೆ.

ಅಷ್ಟರಲ್ಲಿ ಬಂದಳಲ್ಲ ಚಿಕ್ಕವಳು. ಮೈದುನನ ಹೆಂಡತಿ, ನನ್ನ ಓರಗಿತ್ತಿ. ಸಂಗೀತದ ಟೀಚರ್. ಹೋದ ವರ್ಷ ಮನೆ ತುಂಬಿದ್ಲು. ಬಂದ ವಾರದಲ್ಲೇ ಟೀ ಹಿಡ್ಕೊಂಡು ಮಹಡಿಗೆ ಬಂದು, "ಇದೇನು ಮಾವ?" ಅಂತ ನನ್ನ ಹೆಡ್‌ಫೋನ್ ಎತ್ತಿ ಕಿವಿಗೆ ಹಾಕ್ಕೊಂಡ್ಲು. ಯಾವುದೋ ಉಪಗ್ರಹ ಹೋಗ್ತಾ ಇತ್ತು. ಕಣ್ಣು ಮುಚ್ಚಿ ಕೇಳಿ, ಕೈಯನ್ನ ಮೇಲಿಂದ ಕೆಳಗೆ ಮೆಲ್ಲಗೆ ಇಳಿಸ್ತಾ, "ಸ್ವರ ಜಾರ್ತಾ ಇದೆ... ಈಗ... ಈಗ ಜಾಸ್ತಿ ಜಾರ್ತು" ಅಂದ್ಲು. ನಾನು ಕಂಪ್ಯೂಟರ್ ಪರದೆ ನೋಡಿದೆ. ಸರಿಯಾಗಿ ಅದೇ ಕ್ಷಣ ಅದು ನಮ್ಮ ನೆತ್ತಿ ದಾಟಿತ್ತು. ಮಾವ ತೊಡೆ ತಟ್ಟಿ ಅಂದ್ರು, "ಭೇಷ್!"

ನನ್ನ ಹೊಟ್ಟೆಗೆ ಕೆಂಡ ಸುರಿದ ಹಾಗಾಯ್ತು. ಅಲ್ಲ, ನಾನೇನು ಕಡಿಮೆ ಮಾಡಿದ್ದೆ? ಕೈ ಮುರ್ಕೊಂಡವಳು ನಾನು, ಭೇಷ್ ಅವಳಿಗೆ. ಅದೂ ಟೀ ಕೊಡೋಕೆ ಬಂದವಳಿಗೆ.

ಅವತ್ತಿಂದ ನೋಡ್ತಾನೇ ಇದ್ದೀನಿ. ನಾನು "ಮಾವ" ಅಂತ ಕರೆದ್ರೆ ಅವರು ತಿರುಗೂ ನೋಡಲ್ಲ. ಚಿಕ್ಕವಳು ಮಾತ್ರ ನೇರ ಎದುರಿಗೆ ಹೋಗಿ ನಿಂತು, ಮಕ್ಕಳಿಗೆ ಪಾಠ ಹೇಳೋ ಹಾಗೆ ಬಾಯಗಲಿಸಿ, ಕೈ ಬಾಯಿ ತಿರುಗಿಸಿ ಮಾತಾಡ್ತಾಳೆ. ಅವಳಿಗೆ ಥಟ್ಟನೆ ಉತ್ತರ. ಎಂಥಾ ನಾಟಕ ಅಂತ ನಾನು ಮೂಗು ಮುರಿದಿದ್ದೇ ಮುರಿದಿದ್ದು. ಈಚೆಗಂತೂ ಮಾವ ನನ್ನ ತಪ್ಪು ತೋರಿಸೋದನ್ನೂ ಬಿಟ್ಟುಬಿಟ್ರು. ನಾನು ಕೀ ಒತ್ತಿ ತೋರಿಸಿದ್ರೆ ಸುಮ್ಮನೆ ತಲೆ ಆಡಿಸ್ತಾರೆ. ಇನ್ನು ನನ್ನ ಕಾಲ ಮುಗೀತು, ಅವಳದ್ದು ಶುರುವಾಯ್ತು ಅಂದುಕೊಂಡೆ.

"ನೀವಿಬ್ಬರೂ ಮೇಲೆ ಉಪಗ್ರಹ ಹುಡುಕ್ತೀರೋ, ಗ್ರಹಚಾರ ಹುಡುಕ್ತೀರೋ?" ಅಂತ ನನ್ನ ಗಂಡ ಕೇಳಿದ್ದು ಇದೇ ಹೊತ್ತಲ್ಲಿ. ಅವರಿಗೆ ಎಲ್ಲಾ ತಮಾಷೆ.

ಹೀಗಿರುವಾಗ ಒಂದು ರಾಕೆಟ್ ಹಾರಿತು. ಈಗೆಲ್ಲಾ ಒಂದು ರಾಕೆಟ್ಟಿಗೆ ಒಂದೇ ಉಪಗ್ರಹ ಅಲ್ಲ. ಕೊನೇ ಸ್ಟಾಪಿನಲ್ಲಿ ಬಸ್ಸಿಂದ ಜನ ಇಳಿಯೋ ಹಾಗೆ ಒಂದು ಗುಂಪೇ ಇಳಿಯುತ್ತೆ. ಎಲ್ಲಾ ಇಟ್ಟಿಗೆ ಗಾತ್ರದವು, ಒಂದರ ಹಿಂದೆ ಒಂದು ಸಾಲಾಗಿ ಸುತ್ತುತ್ತವೆ. ರಾಡಾರಿನವರು ಎಣಿಸಿ ಒಂದೊಂದಕ್ಕೂ ಒಂದು ನಂಬರ್ ಕೊಡ್ತಾರೆ. ಆದ್ರೆ ಯಾವ ನಂಬರ್ ಯಾರ ಕೂಸು ಅಂತ ಅವರಿಗೂ ಗೊತ್ತಿರಲ್ಲ. ಅದನ್ನ ಕೇಳಿ ಪತ್ತೆ ಹಚ್ಚೋದು ನಮ್ಮಂಥ ಹವ್ಯಾಸಿಗಳು.

ಆ ಗುಂಪಲ್ಲಿ ಒಂದು, ಯಾವುದೋ ಕಾಲೇಜಿನ ಮಕ್ಕಳು ಮಾಡಿದ್ದು. ಅದರ ಸೋಲಾರ್ ಹಾಳೆ ಬಿಚ್ಚಿಕೊಂಡಿರಲಿಲ್ಲ, ಬ್ಯಾಟರಿ ದಿನಾ ಇಳೀತಾ ಇತ್ತು. ಬಿಚ್ಚು ಅಂತ ಕೆಳಗಿಂದ ಆಜ್ಞೆ ಕಳಿಸಬೇಕು. ಅವರ ಡಿಶ್ ದೊಡ್ಡದು, ಆದ್ರೆ ಅದು ನೋಡೋ ಜಾಗ ಕಿರಿದು. ಸರಿಯಾದ ನಂಬರಿನ ಕಡೆ ತಿರುಗಿಸದೆ ಇದ್ರೆ ಆಜ್ಞೆ ಮುಟ್ಟಲ್ಲ. ನಮ್ಮದು ಯಾವ ನಂಬರ್ ಅಂತ ಹೇಳಿ ಪುಣ್ಯ ಕಟ್ಟಿಕೊಳ್ಳಿ ಅಂತ ಆ ಮಕ್ಕಳು ಹವ್ಯಾಸಿಗಳ ಗ್ರೂಪಿನಲ್ಲಿ ಬರೆದಿದ್ರು.

ಇದನ್ನ ನಾನೇ ಹಿಡೀಬೇಕು ಅಂತ ನಿರ್ಧಾರ ಮಾಡಿದೆ. ಮಕ್ಕಳ ಮೇಲಿನ ಮರುಕ ಆಮೇಲಿನ ಮಾತು. ನಂಗೆ ಬೇಕಾಗಿದ್ದು ಒಂದು ಭೇಷ್.

ಕೆಲಸ ಏನೂ ಬ್ರಹ್ಮವಿದ್ಯೆ ಅಲ್ಲ. ಆಂಬ್ಯುಲೆನ್ಸ್ ನಮ್ಮನ್ನ ದಾಟಿ ಹೋಗುವಾಗ ಸೈರನ್ ಸ್ವರ ಇಳಿಯುತ್ತಲ್ಲ, ಹಾಗೇ ಉಪಗ್ರಹ ತನ್ನ ಗುರುತನ್ನ ಮೋರ್ಸ್‌ನಲ್ಲಿ ಕಳಿಸೋ ಪೀಪಿ ಸದ್ದೂ ನಮ್ಮ ನೆತ್ತಿ ದಾಟುವಾಗ ಜರ್ರನೆ ಇಳಿಯುತ್ತೆ. ಆ ಕ್ಷಣ ಎಷ್ಟು ಹೊತ್ತಿಗೆ ಅಂತ ಗುರುತು ಹಾಕ್ಕೊಂಡು, ಅದೇ ಹೊತ್ತಿಗೆ ದಾಟಿದ ನಂಬರ್ ಯಾವುದು ಅಂತ ಹೊಂದಿಸಿದ್ರೆ ಆಯ್ತು. ಅದಕ್ಕೆ ಬೇಕಾಗಿರೋದು ಸರಿಯಾದ ಗಡಿಯಾರ ಒಂದೇ.

ಗಡಿಯಾರದ ವಿಷಯದಲ್ಲಿ ನಮ್ಮ ಮನೆಯವರಿಗೆ ಜಂಭ. ರೇಡಿಯೋ ರೂಮಿನ ಗೋಡೆ ಮೇಲೆ ಮಾವನ ಹಡಗಿನ ಹಿತ್ತಾಳೆ ಗಡಿಯಾರ ಇದೆ. ದಿನಾ ಬೆಳಿಗ್ಗೆ ಎಂಟಕ್ಕೆ ರೇಡಿಯೋದಲ್ಲಿ ಸಮಯದ ಬೀಪ್ ಬರುತ್ತೆ. ಅದನ್ನ ಕೇಳಿ ಅವರು ಸೆಕೆಂಡ್ ಮುಳ್ಳು ಹೊಂದಿಸ್ತಾರೆ. ಆ ಹೊತ್ತಿಗೆ ನಾನು ಅಂಗಡಿ ಶಟರ್ ಎತ್ತುತ್ತಾ ಇರ್ತೀನಿ. ಆಮೇಲೆ ಮೇಲೆ ಹೋಗಿ ಅವರ ಗಡಿಯಾರ ನೋಡಿ ಕಂಪ್ಯೂಟರಿನ ಟೈಮ್ ಇಡ್ತೀನಿ. ಕಂಪ್ಯೂಟರ್ ತಾನೇ ನೆಟ್‌ನಿಂದ ಟೈಮ್ ತಗೊಳ್ಳುತ್ತೆ, ಗೊತ್ತು. ಅದನ್ನ ಬೇಕಂತಲೇ ಆಫ್ ಮಾಡಿಟ್ಟಿದ್ದೆ. ಮಾವನ ಗಡಿಯಾರಕ್ಕಿಂತ ನೆಟ್ಟು ಹೆಚ್ಚಾ? ಈಚೆಗೆ ಎಲ್ಲಾ ಉಪಗ್ರಹಗಳೂ ನನ್ನ ಲೆಕ್ಕಕ್ಕಿಂತ ಒಂಚೂರು ಮುಂಚೆ ಬರ್ತಾ ಇದ್ವು. ದಾರಿಯ ಲೆಕ್ಕ ಹಳೇದಾಗಿರಬೇಕು ಅಂದುಕೊಂಡು ಸುಮ್ಮನಿದ್ದೆ.

ಭಾನುವಾರ ಬೆಳಿಗ್ಗೆ ಅದು ನಮ್ಮ ನೆತ್ತಿ ಮೇಲೆ ಬಂತು. ನಾನು ಆಂಟೆನಾ ಕೈಯಲ್ಲಿ ಹಿಡ್ಕೊಂಡು ಮಹಡಿ ಮೇಲೆ ತಿರುಗಿದೆ. ಚಿಕ್ಕವಳು ಹೆಡ್‌ಫೋನ್ ಹಾಕ್ಕೊಂಡು, ಮೊಬೈಲಿನಲ್ಲಿ ರೆಕಾರ್ಡ್ ಮಾಡ್ತಾ ಕೂತಿದ್ಲು. ಮಾವ ಬಾಗಿಲ ಹತ್ತಿರ ಕುರ್ಚಿಯಲ್ಲಿದ್ರು. ಸದ್ದು ಕ್ಷೀಣ, ಆದ್ರೂ ಸಿಕ್ತು. ಕಂಪ್ಯೂಟರಿನಲ್ಲಿ ಸ್ವರ ಇಳಿದ ಕ್ಷಣ ಹಿಡಿದು ಹೊಂದಿಸಿ ನೋಡಿದ್ರೆ, ಆ ಹೊತ್ತಿಗೆ ಎರಡು ನಂಬರ್ ಹೋಗಿದ್ವು. ಒಂದರ ಹಿಂದೆ ಒಂದು, ನಡುವೆ ಅರ್ಧ ನಿಮಿಷ. ನನ್ನ ಲೆಕ್ಕಕ್ಕೆ ಮೊದಲು ದಾಟಿದ ಮುಂದಿನದ್ದು ಅಚ್ಚು ಹೊಡೆದ ಹಾಗೆ ಕೂತ್ಕೊಳ್ತು.

"ಅಕ್ಕ, ನಂಗೆ ಹಿಂದಿನದ್ದು ಅನ್ಸುತ್ತೆ," ಅಂದ್ಲು ಚಿಕ್ಕವಳು.

"ಯಾಕೆ?"

"ಮೊಬೈಲ್ ಪ್ರಕಾರ ಸ್ವರ ಇಳಿದಿದ್ದು ಇನ್ನೂ ಅರ್ಧ ನಿಮಿಷ ಆಮೇಲೆ."

"ಮೊಬೈಲ್ ನಂಬಿ ಆಕಾಶ ಅಳೀತೀಯೇನೇ? ಗೋಡೆ ಮೇಲೆ ಗಡಿಯಾರ ಇಲ್ವಾ?"

ಅವಳು ಗಡಿಯಾರ ನೋಡಿದ್ಲು, ಮಾವನ್ನ ನೋಡಿದ್ಲು, ಏನೋ ಹೇಳೋಕೆ ಬಾಯಿ ತೆರೆದು ಮುಚ್ಚಿಕೊಂಡ್ಲು. ಉತ್ತರ ಇಲ್ಲದೆ ಬಾಯಿ ಕಟ್ಟಿತು ಅಂತ ನಂಗೆ ಒಳಗೇ ಹಿಗ್ಗು. ಅಲ್ಲೇ ಕೂತು ಗ್ರೂಪಿಗೆ ಕಳಿಸಿದೆ. ಮುಂದಿನದ್ದೇ ನಿಮ್ಮದು, ಅನುಮಾನ ಬೇಡ. ಕೆಳಗೆ ನನ್ನ ಒಬ್ಬಳದ್ದೇ ಗುರುತು.

"ಪತ್ತೆ ಹಚ್ಚಿದೆ ಮಾವ," ಅಂದೆ.

"ಹೂಂ, ಊಟಕ್ಕೆ ಬರ್ತೀನಿ ನಡಿ," ಅಂದ್ರು ಅವರು.

ಎರಡು ದಿನ ಬಿಟ್ಟು ಆ ಮಕ್ಕಳು ಬರೆದ್ರು. ನಾನು ಹೇಳಿದ ಕಡೆ ಡಿಶ್ ತಿರುಗಿಸಿ ಆಜ್ಞೆ ಕಳಿಸಿದ್ರಂತೆ. ಏನೂ ಆಗಲಿಲ್ಲವಂತೆ. ಬೇರೆ ಯಾರೋ ಹಿಂದಿನದ್ದು ಅಂತಿದ್ದಾರೆ, ಬ್ಯಾಟರಿ ಇನ್ನು ಜಾಸ್ತಿ ದಿನ ಬರಲ್ಲ, ದಯವಿಟ್ಟು ಇನ್ನೊಂದು ಸಲ ನೋಡ್ತೀರಾ ಮೇಡಂ, ಅಂತ.

ಬೇರೆ ಯಾರೋ! ನಂಗೆ ಗೊತ್ತಿಲ್ವಾ ಯಾರು ಅಂತ? ಮೈ ಉರಿದು ಹೋಯ್ತು. ಅಡುಗೆಮನೆಗೆ ಹೋಗಿ ಕೇಳಿದೆ, "ನನ್ನ ಬೆನ್ನ ಹಿಂದೆ ಬರೆದ್ಯಾ?"

ಅವಳ ಕೈಲಿದ್ದ ಪಾತ್ರೆ ಹಾಗೇ ನಿಂತಿತು. "ಇಲ್ಲ ಅಕ್ಕ, ನಾನ್ಯಾಕೆ ಬರೀಲಿ?"

"ಸರಿ. ಜಗಳ ಇರೋದು ಅರ್ಧ ನಿಮಿಷಕ್ಕೆ. ಅಂದ್ರೆ ನೀನು ಮಾವನ ಗಡಿಯಾರ ಸುಳ್ಳು ಅಂತೀಯ. ನಾಳೆ ಎಂಟಕ್ಕೆ ಎಲ್ಲರೂ ಮೇಲೆ ಬನ್ನಿ. ಮಾವ ಮುಳ್ಳು ಹೊಂದಿಸೋದನ್ನ ಎಲ್ಲರ ಎದುರಿಗೇ ನೋಡೋಣ."

"ಬೇಡ ಅಕ್ಕ. ನಂದೇ ತಪ್ಪು. ನೀವು ಹೇಳಿದ್ದೇ ಸರಿ, ಬಿಟ್ಟುಬಿಡಿ." ಅವಳ ಕಣ್ಣಲ್ಲಿ ನೀರೇ ಬಂತು.

ಬಿಡ್ತೀನಾ? ಸೋತವಳು ಸೋತೆ ಅಂತ ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲಿ ಅಂತ ನನ್ನ ಆಸೆ. ಮಾರನೇ ಬೆಳಿಗ್ಗೆ ಗಂಡನ್ನ, ಹಲ್ಲುಜ್ಜುತ್ತಿದ್ದ ಮೈದುನನ್ನ, ಎಲ್ಲರನ್ನೂ ಎಳ್ಕೊಂಡು ಹೋದೆ.

ಮಾವ ಸ್ನಾನ ಮಾಡಿ, ತಲೆ ಬಾಚಿ, ಗಡಿಯಾರದ ಎದುರು ನಿಂತಿದ್ರು. ಗಾಜಿನ ಬಾಗಿಲು ತೆರೆದಿತ್ತು, ಬೆರಳು ಮುಳ್ಳಿನ ಹತ್ತಿರ. ಇಷ್ಟು ಜನ ಬಂದಿದ್ದು ನೋಡಿ ಅವರಿಗೆ ಖುಷಿ ಆಯ್ತು. ರೇಡಿಯೋ ಜೋರಾಗಿ ಕೂಗ್ತಾ ಇತ್ತು. ಬೀಪ್, ಬೀಪ್, ಬೀಪ್ ಅಂತ ಶುರುವಾಗಿ ಕೊನೇದ್ದು ಉದ್ದವಾಗಿ ಎಳೆದು ಮುಗೀತು. ವಾರ್ತೆ ಓದೋಳು ನಮಸ್ಕಾರ ಹೇಳಿದ್ಲು. ಮಾವನ ಬೆರಳು ಅಲುಗಲಿಲ್ಲ. ಹಿತ್ತಾಳೆ ಗಡಿಯಾರದಲ್ಲಿ ಎಂಟಾಗೋಕೆ ಇನ್ನೂ ಅರ್ಧ ನಿಮಿಷ ಇತ್ತು.

ಅವರು ನಮ್ಮ ಕಡೆ ತಿರುಗಿ, "ಇರಿ, ಈಗ ಬರುತ್ತೆ," ಅಂದ್ರು.

ವಾರ್ತೆ ಓದೋಳು ಓದ್ತಾನೇ ಇದ್ಲು. ಗಡಿಯಾರದಲ್ಲೂ ಎಂಟು ದಾಟಿದ ಮೇಲೆ ಮಾವ ನಮ್ಮೆಲ್ಲರ ಮುಖ ಒಂದೊಂದಾಗಿ ನೋಡಿದ್ರು. ಮೈದುನ ತಲೆ ತಗ್ಗಿಸಿದ. "ಇವತ್ತು ಸ್ಟೇಷನ್ ವೀಕು," ಅಂದು ಗಡಿಯಾರದ ಗಾಜು ಮುಚ್ಚಿ, ಕುರ್ಚಿಯಲ್ಲಿ ಕೂತ್ರು. ಆ ರೂಮಲ್ಲಿ ನೆಲ ಬಾಯಿ ಬಿಟ್ಟಿದ್ರೆ ನಾನು ಒಳಗೆ ಹೋಗಿಬಿಡ್ತಿದ್ದೆ.

ಮೆಟ್ಟಿಲ ಮೇಲೆ ಚಿಕ್ಕವಳನ್ನ ಹಿಡ್ಕೊಂಡೆ. "ನಿಂಗೆ ಯಾವಾಗಿಂದ ಗೊತ್ತು?"

"ಬಂದ ವಾರದಿಂದ. ಹೆಡ್‌ಫೋನ್ ಹಾಕ್ಕೊಂಡು ಕೇಳಿದೆನಲ್ಲ, ಅವತ್ತೇ. ಸದ್ದು ನನ್ನ ಕಿವಿಯಲ್ಲಿ ಮಾತ್ರ ಇತ್ತು ಅಕ್ಕ. ಅವರಿಗೆ ಏನೂ ಕೇಳಿರಲಿಲ್ಲ. ನನ್ನ ಕೈ ನೋಡ್ಕೊಂಡು ಭೇಷ್ ಅಂದ್ರು. ಆಗ ಒಂಚೂರು ಕೇಳಿಸ್ತಿತ್ತು, ಈಗ ಅದೂ ಹೋಗಿದೆ."

"ನಂಗ್ಯಾಕೆ ಹೇಳಲಿಲ್ಲ?"

"ದೊಡ್ಡವಳಿಗೆ ಮಾತ್ರ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು. ಕಿವಿ ಹೋಗಿದೆ ಅಂತ ಗೊತ್ತಾದ್ರೆ ಅವಳು ಇನ್ನು ಕೀ ಒತ್ತಿ ತೋರಿಸೋಕೆ ಬರಲ್ಲ ಅಂದ್ರು."

ದಿನಾ ಊರಿನವರ ಕಣ್ಣು ಪರೀಕ್ಷೆ ಮಾಡೋಳು ನಾನು. ಒಂದು ವರ್ಷ ಆ ಮನುಷ್ಯನ ಪಕ್ಕದಲ್ಲೇ ಕೂತು, ಅವರು ಯಾರನ್ನ ಹೊಗಳ್ತಾರೆ ಅಂತ ನೋಡಿದ್ದೇ ಆಯ್ತು, ಅವರನ್ನ ನೋಡಲಿಲ್ಲ. ಮೆಟ್ಟಿಲ ಮೇಲೇ ಕೂತು ಅತ್ತೆ. ಅಳು ಮುಗಿದ ಮೇಲೂ ಹೊಟ್ಟೆಯ ಉರಿ ಪೂರ್ತಿ ಆರಿರಲಿಲ್ಲ, ಸುಳ್ಳು ಯಾಕೆ ಹೇಳಲಿ. ಮಾವನ ಗುಟ್ಟು ಕೂಡ ಮೊದಲು ಅವಳಿಗೇ ಸಿಕ್ಕಿತ್ತಲ್ಲ.

ಕಂಪ್ಯೂಟರಿಗೆ ನೆಟ್ ಟೈಮ್ ಹಾಕಿ, ಅರ್ಧ ನಿಮಿಷ ಸರಿಸಿ ಲೆಕ್ಕ ಮಾಡಿದೆ. ಹಿಂದಿನದ್ದು. ಆ ಮಕ್ಕಳಿಗೆ ಬರೆದೆ: ನಂದು ತಪ್ಪು, ಹಿಂದಿನದ್ದೇ ನಿಮ್ಮದು, ನನ್ನ ಓರಗಿತ್ತಿ ಮೊದಲ ದಿನವೇ ಸರಿಯಾಗಿ ಹೇಳಿದ್ದಳು. ಕೊನೇ ಸಾಲು ಬರೆಯೋಕೆ ಹಲ್ಲು ಕಚ್ಚಬೇಕಾಯ್ತು, ಆದ್ರೂ ಬರೆದೆ.

ವಾರದ ಕೊನೆಗೆ ಅವರ ಉತ್ತರ ಬಂತು. ಆಜ್ಞೆ ಮುಟ್ಟಿತಂತೆ, ಹಾಳೆ ಬಿಚ್ಚಿಕೊಂಡಿತಂತೆ. ಭಾನುವಾರ ಅದು ಮತ್ತೆ ನೆತ್ತಿಗೆ ಬರೋ ಹೊತ್ತಿಗೆ ಮೂವರೂ ಮಹಡಿ ಮೇಲಿದ್ವಿ. ಈ ಸಲ ಆಂಟೆನಾ ಚಿಕ್ಕವಳ ಕೈಲಿ. ಸದ್ದು ಎಷ್ಟು ಜೋರು ಅಂದ್ರೆ ಪಕ್ಕದ ಮನೆಯವರು ಕಿಟಕಿಯಲ್ಲಿ ಇಣುಕಿದ್ರು. ಮಾವ ಮಾತ್ರ ಎಂದಿನ ಹಾಗೆ, ಕೇಳಿಸಿದವರ ಮುಖ ಮಾಡ್ಕೊಂಡು ತಲೆ ಆಡಿಸ್ತಾ ಇದ್ರು.

ನಾನು ಹೋಗಿ ಅವರ ಎದುರು ಕುಕ್ಕರಗಾಲಲ್ಲಿ ಕೂತು, ಅವರ ಅಂಗೈ ತೆಗೆದು ನನ್ನ ಮೊಣಕಾಲ ಮೇಲೆ ಇಟ್ಟುಕೊಂಡೆ. ಮೇಲಿಂದ ಬರ್ತಿದ್ದ ಮೋರ್ಸ್ ಕೇಳ್ತಾ, ಒಂದೊಂದೇ ಅಕ್ಷರ ಬೆರಳಿಂದ ಅವರ ಅಂಗೈ ಮೇಲೆ ಒತ್ತುತ್ತಾ ಹೋದೆ. ಮೊದಲು ಅವರಿಗೆ ಅರ್ಥ ಆಗಲಿಲ್ಲ, ಕೈ ಎಳ್ಕೊಳ್ಳೋಕೆ ನೋಡಿದ್ರು. ಆಮೇಲೆ ಕಣ್ಣು ಮುಚ್ಚಿದ್ರು. ತುಟಿ ಅಲುಗಿತು. ಅಕ್ಷರ ಅಕ್ಷರವಾಗಿ ಉಪಗ್ರಹದ ಗುರುತು ಬಾಯಲ್ಲಿ ಓದಿದ್ರು, ಬ್ಯಾಟರಿ ಎಷ್ಟಿದೆ ಅನ್ನೋದನ್ನೂ ಓದಿದ್ರು.

ನಾನು ಅವರ ಮುಖ ನೋಡ್ತಾ ಕೂತೆ. ಈಗಲಾದ್ರೂ ಅಂದುಬಿಡಿ ಮಾವ, ಅಂತ.

"ಡ್ಯಾಶ್ ಗಿಡ್ಡ," ಅಂದ್ರು.

"ಅದು ಉಪಗ್ರಹದ್ದು ಮಾವ," ಅಂದೆ, ಅವರಿಗೆ ಕಾಣೋ ಹಾಗೆ ಆಕಾಶದ ಕಡೆ ಕೈ ತೋರಿಸಿ.

"ಯಂತ್ರ ಇಷ್ಟು ಗಿಡ್ಡ ಡ್ಯಾಶ್ ಒತ್ತಲ್ಲ. ಇದು ನಿಂದು." ಕೈ ಹಾಗೇ ಚಾಚಿದ್ರು. "ಇನ್ನೊಂದು ಸಲ ಒತ್ತು."

ಒತ್ತಿದೆ. ಕಣ್ಣೀರು ಬಂದು ಅವರ ಅಂಗೈ ಮೇಲೇ ಬಿತ್ತು. ಅದಕ್ಕೂ ಅವರು ಬೈದ್ರು. ಕೈ ಒದ್ದೆ ಮಾಡಬೇಡ, ಡಾಟ್ ಗೊತ್ತಾಗಲ್ಲ ಅಂತ.

ಉಪಗ್ರಹ ದಾಟಿ ಹೋಯ್ತು. ಚಿಕ್ಕವಳು ಆಂಟೆನಾ ಇಳಿಸಿ, ಗೋಡೆಗೆ ಒರಗಿ ನಮ್ಮಿಬ್ಬರನ್ನೇ ನೋಡ್ತಾ ನಿಂತಿದ್ಲು. ನಗ್ತಾ ಇದ್ಲು, ಆದ್ರೆ ಆ ನಗು ಪೂರ್ತಿ ಆಗಿರಲಿಲ್ಲ.

"ನಂಗೆ ಬರೀ ಭೇಷ್ ಅಂತಾರೆ ಅಕ್ಕ," ಅಂದ್ಲು. "ಬಂದು ಒಂದು ವರ್ಷ ಆಯ್ತು. ಒಂದು ದಿನಾನೂ ತಪ್ಪು ತೋರಿಸಿಲ್ಲ."

ಆ ದನಿ ನಂಗೆ ಚೆನ್ನಾಗಿ ಗೊತ್ತು. ನಾನು ಒಂದು ವರ್ಷ ಅದರಲ್ಲೇ ಬೆಂದವಳು. ಪಾಪ ಅನ್ನಿಸ್ತು. ಆದ್ರೂ ಮಾವನ ಕೈ ಮಾತ್ರ ಬಿಡಲಿಲ್ಲ.