ಪುಟ್ಟಿಯ ಹೆಸರು ಪುಟ್ಟಿಗೇ ಗೊತ್ತಿರಲಿಲ್ಲ

ಮನೆಮಂದಿಯೆಲ್ಲ ಸೇರಿ ಹೊರಗೆ ಹೋಗುವುದೆಂದರೆ ಯಾರಿಗೆ ಖುಷಿ ಇಲ್ಲ? ಆದರೆ ಹೊರಡುವ ಮುಂಚಿನ ಗಡಿಬಿಡಿ ಇದೆಯಲ್ಲ, ಅದನ್ನು ಹೆಂಗಸರನ್ನೇ ಕೇಳಬೇಕು. ನೀರಿನ ಬಾಟಲಿ, ತಿಂಡಿ ಡಬ್ಬಿ, ಮಗುವಿಗೆ ಇನ್ನೊಂದು ಜೊತೆ ಬಟ್ಟೆ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂದು ಬೀಗ ತೆಗೆದು ಮತ್ತೆ ಒಳಗೆ ಹೋಗಿ ನೋಡುವುದು. ಮುಂಬೈಯ ಆಂಟಾಪ್ ಹಿಲ್ಲಿನ ಸರ್ಕಾರಿ ಕಾಲೊನಿಯ ಸುಮಿತ್ರಾ ಇದೆಲ್ಲವನ್ನೂ ತಪ್ಪದೆ ಮಾಡುವವಳು. ಹಾಗಿದ್ದೂ ಆ ರವಿವಾರ ಒಂದು ಕೆಲಸ ಮಾಡಲಿಲ್ಲ. ನೆನಪಿಸುವವರು ಇರಲಿಲ್ಲವೇ ಎಂದರೆ, ಇದ್ದರು.

ಹಿಂದಿನ ದಿನ ಸಂಜೆ ಹಿಂಬದಿಯ ಚಾಳಿನ ಗುಲಶನ ಬಂದಿದ್ದಳು. ವಿಜಾಪುರದ ಕಡೆಯವಳು, ಮನೆಯಲ್ಲೇ ಹೊಲಿಗೆ ಹಾಕುತ್ತಾಳೆ. ಅವಳ ಗಂಡ ಮೌಲಾಲಿಗೆ ವಡಾಲ ಸ್ಟೇಷನ್ ಹತ್ತಿರ ರೇಡಿಯೋ ರಿಪೇರಿ ಅಂಗಡಿ. ಸುಮಿತ್ರಾಳ ನಾಲ್ಕು ವರ್ಷದ ಮಗಳಿಗೆ ಹೊಸ ಹಳದಿ ಫ್ರಾಕ್ ಹೊಲಿದು ತಂದಿದ್ದಳು. ಫ್ರಾಕ್ ತೊಡಿಸಿ, ಹಿಂದಿನ ಹುಕ್ ಹಾಕುತ್ತ ಮಗುವನ್ನು ಮಾತಾಡಿಸಿದಳು.

"ಏನವ್ವಾ ನಿನ್ನ ಹೆಸರು?"

"ಪುಟ್ಟಿ."

"ಅಪ್ಪನ ಹೆಸರು?"

"ಇವ್ರು."

ಗುಲಶನ ನಗು ತಡೆದುಕೊಂಡಳು. "ನಿಮ್ಮ ಮನಿ ಎಲ್ಲೈತಿ?"

"ಮೇಲೆ," ಎಂದು ಪುಟ್ಟಿ ಬೆರಳು ತೋರಿಸಿ ಹೇಳಿದಳು. ಮನೆ ಮೂರನೆಯ ಮಾಳಿಗೆಯಲ್ಲಿತ್ತು, ಆದ್ದರಿಂದ ಅದು ಸುಳ್ಳೇನೂ ಆಗಿರಲಿಲ್ಲ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಗಲೇಬೇಕು ಬಿಡಿ. ಗಂಡನ ಹೆಸರು ಬಾಯಲ್ಲಿ ಹೇಳಬಾರದೆಂದು ಸುಮಿತ್ರಾ "ಇವ್ರು ಬಂದ್ರು, ಇವ್ರು ಊಟ ಮಾಡಿದ್ರು" ಎನ್ನುತ್ತಿದ್ದಳು. ಮಗು ಅದನ್ನೇ ಅಪ್ಪನ ಹೆಸರೆಂದು ತಿಳಿದಿತ್ತು. ಮಗುವಿನ ನಿಜವಾದ ಹೆಸರಿನ ಕಥೆಯೂ ಅಷ್ಟೇ. ನಾಮಕರಣದಲ್ಲಿ ಅಜ್ಜಿಯ ಹೆಸರನ್ನೇ, ಸುಬ್ಬಲಕ್ಷ್ಮಿ ಎಂದು ಇಟ್ಟಿದ್ದರು. ಆದರೆ ಸೊಸೆಯಾದವಳು ಅತ್ತೆಯ ಹೆಸರು ಹಿಡಿದು "ಏ ಸುಬ್ಬಲಕ್ಷ್ಮಿ, ಉಚ್ಚೆ ಹೊಯ್ದ್ಯಾ?" ಎಂದು ಗದರುವುದು ಹೇಗೆ? ಹಾಗಾಗಿ ತೊಟ್ಟಿಲಿನಿಂದಲೂ ಪುಟ್ಟಿ, ಪುಟ್ಟಮ್ಮ, ಪುಟ್ಟಕ್ಕಿ.

ಗುಲಶನ ಮಾತ್ರ ನಗು ನಿಲ್ಲಿಸಿ ಹೇಳಿದಳು, "ಅಕ್ಕಾರ, ನಾಳೆ ಎಕ್ಸಿಬಿಷನ್‌ಗೆ ಹೊಂಟೀರಿ. ರವಿವಾರ ಭಾಳ ಗದ್ದಲ ಇರ್ತೈತಿ. ಇವತ್ತು ರಾತ್ರಿನೇ ಕೂಸಿಗೆ ಹೆಸರು, ಅಪ್ಪನ ಹೆಸರು, ಬಿಲ್ಡಿಂಗ್ ನಂಬರು ಬಾಯಿಪಾಠ ಮಾಡಸ್ರಿ. ಬೇಕಂದ್ರ ಫ್ರಾಕಿನ ಒಳಮಡಿಕ್ಯಾಗ ನಾ ದಾರದಾಗ ಬರದು ಕೊಡ್ತೇನಿ. ಹೊರಗ ಕಾಣಂಗಿಲ್ಲ."

ಅಜ್ಜಿ ಸುಬ್ಬಲಕ್ಷ್ಮಮ್ಮನಿಗೆ ಅದು ಸರಿಬರಲಿಲ್ಲ. "ಗುರುತು ಹಾಕೋಕೆ ನನ್ನ ಮೊಮ್ಮಗಳೇನು ದೋಬಿಗೆ ಹಾಕೋ ಪಂಚೆಯೇನಮ್ಮಾ? ಅಪ್ಪ, ಅಮ್ಮ, ಅಜ್ಜಿ ಮೂರು ಜನ ಜೊತೇಲಿರ್ತೀವಿ. ಎಲ್ಲಿಗೆ ಹೋಗ್ತಾಳೆ?"

ಸುಮಿತ್ರಾ ಅತ್ತೆಯ ಮಾತಿಗೆ ತಲೆಯಾಡಿಸಿದಳು. "ಇನ್ನೂ ಚಿಕ್ಕೋಳು, ಮುಂದೆ ಕಲೀತಾಳೆ ಬಿಡು ಗುಲಶನ." ಅಲ್ಲಿಗೆ ಆ ಮಾತು ಮುಗಿಯಿತು.

ಮರುದಿನ ಟಿವಿಯಲ್ಲಿ ರವಿವಾರದ ಬೆಳಗಿನ ಕಾರ್ಯಕ್ರಮ ಮುಗಿದ ಕೂಡಲೇ ಹೊರಟರು. ಸುಮಿತ್ರಾಳ ಗಂಡ ಸತ್ಯಮೂರ್ತಿಯ ಕೊರಳಲ್ಲಿ ಕ್ಯಾಮೆರಾ ತೂಗುತ್ತಿತ್ತು. ಅಂಧೇರಿಯಲ್ಲಿರುವ ತಮ್ಮ ನಾಣಿ ಹೊಸದಾಗಿ ಕೊಂಡದ್ದನ್ನು ಒಂದು ದಿನದ ಮಟ್ಟಿಗೆ ಎರವಲು ತಂದಿದ್ದ. ಗುಂಡಿ ಒತ್ತಿ, ಓಡಿಬಂದು ಎಲ್ಲರ ಜೊತೆ ನಿಂತುಕೊಂಡರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಅದು. ಆ ಕ್ಯಾಮೆರಾ ಕೈಗೆ ಬಂದದ್ದೇ ತಡ, ಸತ್ಯಮೂರ್ತಿ ಮನುಷ್ಯನಾಗಿ ಉಳಿದಿರಲಿಲ್ಲ. ಬಸ್ ಸ್ಟಾಪಿನಲ್ಲೇ ಅಮ್ಮನನ್ನು ನಿಲ್ಲಿಸಿ ಎರಡು ಫೋಟೋ ತೆಗೆದಿದ್ದ.

ಎಕ್ಸಿಬಿಷನ್ ಮೈದಾನದ ತುಂಬ ಜನ. ಒಂದು ಕಡೆ ಮಿಕ್ಸರ್, ಇನ್ನೊಂದು ಕಡೆ ಬಣ್ಣದ ಟಿವಿ, ಚಕ್ಕುಲಿ ಒರಳು ಮಾರುವವರು ಅಲ್ಲೇ ಬಿಸಿಬಿಸಿ ಚಕ್ಕುಲಿ ಕರಿದು ತೋರಿಸುತ್ತಿದ್ದರು. ಬಲೂನಿನ ದೊಡ್ಡ ಕಮಾನು ಕಂಡದ್ದೇ ಸತ್ಯಮೂರ್ತಿ ಎಲ್ಲರನ್ನೂ ಅದರ ಕೆಳಗೆ ಸಾಲಾಗಿ ನಿಲ್ಲಿಸಿದ. ಸೋಡಾ ಅಂಗಡಿಯವನ ಸ್ಟೂಲು ಕೇಳಿ ತಂದು ಕ್ಯಾಮೆರಾ ಇಟ್ಟ.

"ಅಮ್ಮಾ, ಸೆರಗು ಸರಿ ಮಾಡ್ಕೋ. ಸುಮಿ, ಈ ಕಡೆ ಬಾ. ಕೆಂಪು ಲೈಟು ಮಿಣುಕುತ್ತೆ, ಎಲ್ಲಾರೂ ಅದನ್ನೇ ನೋಡಿ. ಅಲ್ಲಾಡಬೇಡಿ!"

ಗುಂಡಿ ಒತ್ತಿ ಓಡಿಬಂದ. ಅಜ್ಜಿ ಮಗುವಿನ ಕೈ ಬಿಟ್ಟು ಸೆರಗು ಸರಿಮಾಡಿಕೊಂಡಳು, ಮಗು ಸೊಸೆಯ ಹತ್ತಿರ ಇದೆಯೆಂದುಕೊಂಡು. ಸುಮಿತ್ರಾ ಅತ್ತೆಯ ಹತ್ತಿರ ಇದೆಯೆಂದುಕೊಂಡು ಹಲ್ಲು ಕಿರಿದಳು. ಸತ್ಯಮೂರ್ತಿ ಏನನ್ನೂ ಅಂದುಕೊಳ್ಳಲಿಲ್ಲ, ಹೊಟ್ಟೆ ಒಳಗೆಳೆದುಕೊಂಡು ನಿಂತಿದ್ದ. ಕೆಂಪು ಲೈಟು ಮಿಣುಕಿತು, ಕ್ಯಾಮೆರಾ ಕ್ಲಿಕ್ ಎಂದಿತು.

"ಪುಟ್ಟಿ ಎಲ್ಲಿ?" ಎಂದು ಸುಮಿತ್ರಾ ಕೇಳಿದಳು.

ಪುಟ್ಟಿ ಇರಲಿಲ್ಲ.

ಕಮಾನಿನ ಹಿಂದೆ ಇರಲಿಲ್ಲ, ಸೋಡಾ ಅಂಗಡಿಯ ಹತ್ತಿರ ಇರಲಿಲ್ಲ. "ನೀವು ಇಲ್ಲೇ ಇರಿ ಅತ್ತೆ, ಬಂದ್ರೂ ಬರಬಹುದು," ಎಂದವಳೇ ಸುಮಿತ್ರಾ ಒಂದು ದಿಕ್ಕಿಗೆ ಓಡಿದಳು. ಸತ್ಯಮೂರ್ತಿ ಇನ್ನೊಂದು ದಿಕ್ಕಿಗೆ, ಮೈಕಿನ ಡೇರೆಗೆ ಓಡಿದ.

ಡೇರೆಯಲ್ಲಿದ್ದ ಮರಾಠಿ ಹುಡುಗ ಮಗುವಿನ ಹೆಸರು ಕೇಳಿದ. ಗಾಬರಿಯಲ್ಲಿಯೂ ಸತ್ಯಮೂರ್ತಿ ಆಫೀಸಿನ ಮನುಷ್ಯನೇ. ರೇಷನ್ ಕಾರ್ಡಿನಲ್ಲಿದ್ದ ಹೆಸರನ್ನೇ ಹೇಳಿದ. ಫ್ರಾಕಿನ ಬಣ್ಣ? ಅದು ಯಾವ ಗಂಡಸಿಗೆ ನೆನಪಿರುತ್ತದೆ? ಹಿಂದಿನ ರವಿವಾರ ತೊಟ್ಟಿದ್ದ ಕೆಂಪು ಫ್ರಾಕ್ ಕಣ್ಣಮುಂದೆ ಬಂತು. ಕೆಂಪು ಎಂದುಬಿಟ್ಟ.

"ಸುಬ್ಬಲಕ್ಷ್ಮೀ ನಾವಾಚೀ ಮುಲಗೀ ಹರವಲೀ ಆಹೆ! ಲಾಲ್ ಫ್ರಾಕ್! ಸುಬ್ಬಲಕ್ಷ್ಮೀ!" ಎಂದು, ಕೆಂಪು ಫ್ರಾಕಿನ ಹುಡುಗಿ ಕಳೆದುಹೋಗಿದ್ದಾಳೆಂದು, ಇಡೀ ಮೈದಾನದ ಸ್ಪೀಕರುಗಳು ಮರಾಠಿಯಲ್ಲಿ ಕೂಗಿದವು.

ಸುಮಿತ್ರಾ ಸಿಕ್ಕಸಿಕ್ಕವರನ್ನು ತಡೆದು "ಛೋಟೀ ಲಡಕೀ, ಪೀಲಾ ಫ್ರಾಕ್, ದೇಖಾ ಕ್ಯಾ?" ಎಂದು, ಹಳದಿ ಫ್ರಾಕಿನ ಮಗುವನ್ನು ಕಂಡಿರಾ ಎಂದು ಕೇಳುತ್ತಿದ್ದಳು. ಚಪ್ಪಲಿ ಎಲ್ಲಿ ಬಿದ್ದಿತೋ ಗೊತ್ತಿಲ್ಲ. ಪುಟ್ಟಿಯಷ್ಟೇ ಎತ್ತರದ ಯಾವ ಮಗು ಕಂಡರೂ ಓಡಿ ಹೋಗಿ ಮುಖ ನೋಡುವಳು. ಎಷ್ಟು ಗೇಟುಗಳಿವೆ ಈ ಮೈದಾನಕ್ಕೆ? ಗೇಟಿನಾಚೆ ರಸ್ತೆ, ಬಸ್ಸು, ಟ್ರಕ್ಕು. ಮಗುವನ್ನು ಯಾರಾದರೂ ಒಳ್ಳೆಯವರೇ ಹಿಡಿದು ಕೇಳಿದರೂ ಅದು ಏನು ಹೇಳೀತು? ಮನೆ ಮೇಲೆ, ಅಪ್ಪ ಇವ್ರು. ನಿನ್ನೆ ಎಲ್ಲರೂ ನಕ್ಕದ್ದು ಇದಕ್ಕೇ ಅಲ್ಲವೇ?

ಸ್ಪೀಕರು ಮತ್ತೆ ಸುಬ್ಬಲಕ್ಷ್ಮಿ ಎಂದು ಕೂಗಿತು. ಸುಮಿತ್ರಾ ನಿಂತುಬಿಟ್ಟಳು. ಮನೆಯಲ್ಲಿ ಈ ಹೆಸರನ್ನು ಪುಟ್ಟಿ ಕೇಳಿರುವುದಾದರೂ ಯಾವಾಗ? ಊರಿನಿಂದ ಅಜ್ಜಿಯ ಅಣ್ಣ ಬಂದಾಗ. ಅವರು ಹಾಗೆ ಕರೆಯುವುದು ಅಜ್ಜಿಯನ್ನು!

ಡೇರೆಗೆ ಓಡಿದಳು. ಗಂಡ ಅಲ್ಲೇ ಬೆವರುತ್ತ ನಿಂತಿದ್ದ. "ರೀ, ಆ ಹೆಸರು ಕೂಗಿದ್ರೆ ಅವಳು ಬರಲ್ಲ! ಫ್ರಾಕು ಹಳದಿ!" ಎಂದವಳೇ ಮೈಕಿನ ಹುಡುಗನಿಗೆ ಕೈಮುಗಿದು, "ಭೈಯಾ, ಮೈ ಬೋಲೂಂಗೀ," ಎಂದಳು. ಹುಡುಗ ಮೈಕು ಅವಳ ಮುಂದೆ ತಿರುಗಿಸಿದ. ನಾಲ್ಕು ಜನರ ಮುಂದೆ ಹಾಡು ಹೇಳೆಂದರೂ ನಾಚುತ್ತಿದ್ದ ಸುಮಿತ್ರಾ ಮೈದಾನವೇ ನಡುಗುವಂತೆ ಕೂಗಿದಳು.

"ಪುಟ್ಟೀ! ಅಮ್ಮ ಕಣೇ! ಅಳಬೇಡ, ಎಲ್ಲೂ ಓಡಬೇಡ. ನಿನ್ನ ಹತ್ರ ಯಾರಿದ್ದಾರೋ ಅವರಿಗೆ 'ಪುಟ್ಟಿ ನಾನೇ' ಅಂತ ಹೇಳು!" ಆಮೇಲೆ, ಪುಟ್ಟಿ ಎಂದು ಕರೆದರೇ ಬರುತ್ತಾಳೆಂದು ತಿಳಿಸಲು ತನಗೆ ಬರುವ ಹಿಂದಿಯಲ್ಲಿ, "ಪೀಲಾ ಫ್ರಾಕ್ ಹೈ ಜೀ, ಪುಟ್ಟಿ ಬೋಲನೇ ಸೇ ಆತೀ ಹೈ," ಎಂದಳು.

ಕಾದಳು. ಗಂಡ ಅವಳ ಭುಜ ಹಿಡಿದುಕೊಂಡಿದ್ದ. ಆ ಹೊತ್ತು ಯಾವ ಶತ್ರುವಿಗೂ ಬೇಡ.

ಆಗ ಜನರ ನಡುವಿನಿಂದ ಒಬ್ಬ ಮರಾಠಿ ಹೆಂಗಸು ಬಂದಳು. ಚಕ್ಕುಲಿ ಒರಳಿನ ಅಂಗಡಿಯವಳು, ಕೈಯೆಲ್ಲ ಹಿಟ್ಟು. ಅವಳ ಸೊಂಟದ ಮೇಲೆ ಹಳದಿ ಫ್ರಾಕು, ಫ್ರಾಕಿನ ತುಂಬ ಚಕ್ಕುಲಿಯ ಪುಡಿ. ಪುಟ್ಟಿ ಅತ್ತೂ ಇರಲಿಲ್ಲ. ಅಮ್ಮನನ್ನು ಕಂಡದ್ದೇ ಅಲ್ಲಿಂದಲೇ ಗಾಬರಿಯಾಗಿ ಹೇಳಿದಳು:

"ಅಮ್ಮಾ, ಅಮ್ಮಾ! ಅಜ್ಜಿ ಕಳೆದ್‌ಹೋಗಿದಾರಂತೆ! ಮೈಕಲ್ಲಿ ಹೇಳ್ತಿದಾರೆ!"

ಸುಮಿತ್ರಾ ಮಗುವನ್ನು ಎಳೆದು ಅಪ್ಪಿಕೊಂಡಳು. ಅಳುವುದೋ ನಗುವುದೋ ತಿಳಿಯದೆ ಎರಡನ್ನೂ ಒಟ್ಟಿಗೆ ಮಾಡಿದಳು. ಚಕ್ಕುಲಿ ಅಂಗಡಿಯವಳು ಹಿಂದಿಯಲ್ಲಿ ನಡೆದದ್ದನ್ನು ಹೇಳಿದಳು. ಮೈಕಿನಲ್ಲಿ ಹೆಸರು ಕೇಳಿದ ಕೂಡಲೇ, ಚಕ್ಕುಲಿ ಕರಿಯುವುದನ್ನು ನೋಡುತ್ತ ಒಬ್ಬಳೇ ನಿಂತಿದ್ದ ಮಗುವನ್ನು "ನೀನು ಸುಬ್ಬಲಕ್ಷ್ಮಿಯಾ?" ಎಂದು ಕೇಳಿದಳಂತೆ. "ನಹೀ, ವೋ ಅಜ್ಜಿ ಹೈ," ಎಂದು ಪುಟ್ಟಿ ಖಂಡಿತವಾಗಿ ತಲೆ ಅಲ್ಲಾಡಿಸಿದಳಂತೆ. ಫ್ರಾಕೂ ಕೆಂಪಾಗಿರಲಿಲ್ಲ. ಹಾಗಾದರೆ ಇದು ಬೇರೆ ಮಗು, ಇದರ ಅಜ್ಜಿ ಎಲ್ಲೋ ಇಲ್ಲೇ ಇರಬೇಕು, ಬರುತ್ತಾಳೆ ಎಂದು ಡಬ್ಬದ ಮೇಲೆ ಕೂರಿಸಿ ಚಕ್ಕುಲಿ ಕೊಟ್ಟಿದ್ದಳು. ಒಳ್ಳೆಯವಳ ಕೈಗೆ ಸಿಕ್ಕಿದ್ದು ಮಗುವಿನ ಪುಣ್ಯ. ಆದರೆ ಎಲ್ಲ ಸಲವೂ ಪುಣ್ಯವನ್ನೇ ನಂಬಿಕೊಂಡು ಹೊರಗೆ ಹೋಗಲಾಗುತ್ತದೆಯೇ?

ಕಮಾನಿನ ಕೆಳಗೆ ಅಜ್ಜಿ ನೆಲದ ಮೇಲೇ ಕೂತಿದ್ದಳು. ಮೊಮ್ಮಗಳು ಓಡಿಹೋಗಿ "ಅಜ್ಜೀ, ಸಿಕ್ಕಿದ್ರಾ!" ಎಂದು ಕೊರಳಿಗೆ ಬಿದ್ದಳು. ಸತ್ಯಮೂರ್ತಿ ನಡೆದದ್ದನ್ನೆಲ್ಲ ಹೇಳಿದಾಗ ಅಜ್ಜಿ ಮೊಮ್ಮಗಳ ಫ್ರಾಕಿನ ಮೇಲಿನ ಚಕ್ಕುಲಿ ಪುಡಿ ಕೊಡವಿದಳು. ಆಮೇಲೆ, "ನಡೀರಿ ಮನೆಗೆ. ಆ ಹೊಲಿಗೆ ಹುಡುಗೀನ ಕರೆಸು ಸುಮಿತ್ರಾ," ಎಂದಳು.

ನಡೆದದ್ದು ಕೇಳಿ ಸಂಜೆಯೇ ಗುಲಶನ ಬಂದಳು, ಕೈಯಲ್ಲಿ ಗಂಡನ ಅಂಗಡಿಯ ಟೇಪ್ ರೆಕಾರ್ಡರ್. ಹೇಳಿದ್ದೆನಲ್ಲ ಎಂಬ ಒಂದು ಮಾತನ್ನೂ ಆಡಲಿಲ್ಲ. "ನಮ್ಮ ಹುಡುಗನೂ ದಾದರ್ ಸ್ಟೇಷನ್‌ನ್ಯಾಗ ಹಿಂಗ ತಪ್ಪಿಸ್ಕೊಂಡಿದ್ದ ಅಮ್ಮಾರ. ಪೊಲೀಸರು ಕೇಳಿದ್ರ ಅಪ್ಪನ ಹೆಸರು ಅಬ್ಬಾ, ಮನಿ ಚಾಳ್ ಅಂದಿದ್ದ. ಮುಂಬೈನ್ಯಾಗ ಎಷ್ಟು ಅಬ್ಬಾ, ಎಷ್ಟು ಚಾಳ್! ಅವತ್ತಿಂದ ಇದರಾಗ ಕಲಿಸೋದು. ತಮ್ಮ ದನಿ ತಾವೇ ಕೇಳಾಕ ಹುಡುಗರಿಗೆ ಭಾಳ ಹುರುಪು."

"ದೊಡ್ಡೋರು ಮೊದಲು ಹೇಳಿಕೊಡಬೇಕಾ?" ಎಂದು ಸುಮಿತ್ರಾ ಕೇಳಿದಳು.

"ಹೂಂ ಮತ್ತ. ನೀವು ಹೇಳ್ರಿ, ಅಕಿ ಅಂತಾಳ. ನಿನ್ನ ಹೆಸರೇನು, ಅಪ್ಪನ ಹೆಸರೇನು, ಮನಿ ಎಲ್ಲಿ."

ಟೇಪು ತಿರುಗತೊಡಗಿತು. ಸುಮಿತ್ರಾ ಬಾಯಿ ತೆರೆದಳು, ಮುಚ್ಚಿದಳು. ಹೆಸರು ನಾಲಿಗೆಯ ತುದಿಗೆ ಬಂದು ನಿಂತಿತು. ಅತ್ತೆಯ ಕಡೆ ನೋಡಿದಳು.

"ಹೇಳೇ ತಾಯಿ," ಎಂದಳು ಅಜ್ಜಿ. "ನಾನೂ ನಮ್ಮತ್ತೆ ಹೆಸರು ಹೇಳ್ಲಿಲ್ಲ, ಗಂಡನ ಹೆಸರು ಹೇಳ್ಲಿಲ್ಲ. ಆಗ ನಾವು ಊರಲ್ಲಿದ್ವಿ, ನಮ್ಮ ಮಕ್ಕಳು ಯಾರ ಮಕ್ಕಳು ಅಂತ ಊರಿಗೆಲ್ಲಾ ಗೊತ್ತಿತ್ತು. ಈ ಬೊಂಬಾಯಲ್ಲಿ ಯಾರಿಗೆ ಗೊತ್ತು? ನನ್ನ ಹೆಸರೂ ಹೇಳು, ನನ್ನ ಮಗನ ಹೆಸರೂ ಹೇಳು. ನಂಗೇನೂ ಕಮ್ಮಿ ಆಗಲ್ಲ."

ಸುಮಿತ್ರಾ ಉಸಿರೆಳೆದುಕೊಂಡು ಹೇಳಿದಳು. "ನನ್ನ ಹೆಸರು ಸುಬ್ಬಲಕ್ಷ್ಮಿ. ಅಪ್ಪನ ಹೆಸರು... ಸತ್ಯಮೂರ್ತಿ."

ಮದುವೆಯಾದಂದಿನಿಂದ ಹೆಂಡತಿಯ ಬಾಯಲ್ಲಿ ತನ್ನ ಹೆಸರು ಕೇಳದಿದ್ದ ಸತ್ಯಮೂರ್ತಿ ಪೇಪರ್ ಕೆಳಗಿಟ್ಟು ಕಿವಿಯವರೆಗೂ ಕೆಂಪಾದ. ಪುಟ್ಟಿ ಎಲ್ಲವನ್ನೂ ಗಿಣಿಯ ಹಾಗೆ ಹೇಳಿದಳು, ಬಿಲ್ಡಿಂಗ್ ನಂಬರಿನ ತನಕ. ಟೇಪಿನಲ್ಲಿ ತನ್ನದೇ ದನಿ ಕೇಳಿ ಕುಣಿದಾಡಿ, ಇನ್ನೊಮ್ಮೆ ಹಾಕು ಎಂದು ಹಟ ಹಿಡಿದಳು. ಮನೆಯಲ್ಲಿ ಅಂದು ಎಲ್ಲರೂ ಹೊಟ್ಟೆ ತುಂಬ ಉಂಡರು.

ಕೆಲವು ದಿನಗಳ ಮೇಲೆ ಫೋಟೋ ತೊಳೆದು ಬಂತು. ಕಮಾನಿನ ಕೆಳಗೆ ಮೂವರು ದೊಡ್ಡವರು, ಮೂವರ ಮುಖದಲ್ಲೂ ತುಂಬು ನಗು. ಫೋಟೋದ ಅಂಚಿನಲ್ಲಿ ಹಳದಿ ಫ್ರಾಕಿನ ಒಂದು ತುದಿ, ಆಚೆಗೆ ಹೋಗುತ್ತಿದೆ. ಸುಮಿತ್ರಾ ಅದನ್ನು ನಮ್ಮ ಕಾಲೊನಿಯ ಮಹಿಳಾ ಮಂಡಳದಲ್ಲಿ ಎಲ್ಲರಿಗೂ ತೋರಿಸಿದಳು.

ಅಕ್ಕಂದಿರೇ, ಅಣ್ಣಂದಿರೇ, ಕ್ಯಾಮೆರಾ ತನ್ನಿ, ವಾಕ್‌ಮನ್ ತನ್ನಿ, ಮೋಜು ಮಾಡಿ, ಯಾರು ಬೇಡವೆಂದರು? ಆದರೆ ಫೋಟೋಗೆ ನಿಲ್ಲುವ ಮುಂಚೆ ಮಗು ಯಾರ ಕೈಯಲ್ಲಿದೆಯೆಂದು ಬಾಯಿಬಿಟ್ಟು ಕೇಳಿ. "ನಾನು ಹಿಡಿದಿದ್ದೇನೆ" ಎಂದು ಒಬ್ಬರು ಹೇಳಿದ ಮೇಲೆಯೇ ಗುಂಡಿ ಒತ್ತಿ. ಮಕ್ಕಳ ಜೊತೆ ಹೊರಟಾಗ ಕಿವಿಗೆ ಹಾಡು ತುರುಕಿಕೊಳ್ಳಬೇಡಿ, ಮಗು ಕರೆದದ್ದು ಕೇಳಿಸುವುದಿಲ್ಲ. ತಪ್ಪಿಸಿಕೊಂಡರೆ ಎಲ್ಲಿ ಸೇರಬೇಕೆಂದು ಗೇಟಿನಲ್ಲೇ ಒಂದು ಜಾಗ ಗೊತ್ತುಮಾಡಿ. ಮಗುವಿಗೆ ಇದ್ದಲ್ಲೇ ನಿಲ್ಲಲು, ಪೊಲೀಸರನ್ನೋ ಅಂಗಡಿಯಲ್ಲಿರುವ ಹೆಂಗಸನ್ನೋ ಕೇಳಲು ಹೇಳಿಕೊಡಿ. ಅಪ್ಪಂದಿರೇ, ಇವತ್ತು ಮಗು ಯಾವ ಬಣ್ಣದ ಬಟ್ಟೆ ತೊಟ್ಟಿದೆಯೆಂದು ಮನೆ ಬಿಡುವಾಗ ಒಮ್ಮೆ ಕಣ್ಣುತುಂಬ ನೋಡಿ.

ಮತ್ತೆ ಹೆಸರು. ಮಗುವಿನ ಪೂರ್ತಿ ಹೆಸರು, ಅಪ್ಪನದು, ಅಮ್ಮನದು, ಮನೆಯ ವಿಳಾಸ. ಮುಂದಿನ ರವಿವಾರದ ತನಕ ಕಾಯಬೇಡಿ. ಇದನ್ನು ಓದಿ ಕೆಳಗಿಟ್ಟ ಕೂಡಲೇ ನಿಮ್ಮ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ನಾಚಿಕೆ ಬಿಟ್ಟು, ಬಾಯಿತುಂಬ ಹೇಳಿಕೊಡಿ.