ಉಳಿದ ಮೂರು ಗೂಟಗಳು

ಅಪ್ಪನ ಕಂಪ್ಯೂಟರು ಕೆಟ್ಟು ಮೂರು ದಿನವಾಗಿತ್ತು. ಆ ಮೂರು ದಿನ ನಮ್ಮ ಮನೆಯಲ್ಲಿ ಅಪ್ಪನೊಬ್ಬನನ್ನು ಬಿಟ್ಟು ಉಳಿದವರೆಲ್ಲ ಅಪ್ಪನ ಪರವಾಗಿ ಮಾತಾಡಿದೆವು.

ಹಿಂದಿನ ವರ್ಷ ಗಂಟಲಿನ ಆಪರೇಷನ್ನಿನಲ್ಲಿ ಅಪ್ಪನ ಧ್ವನಿಪೆಟ್ಟಿಗೆಯನ್ನೇ ತೆಗೆದುಹಾಕಿದ್ದರು. ಪ್ರಾಣ ಉಳಿಯಿತು, ಮಾತು ಹೋಯಿತು. ಅಪ್ಪ ಒಂದೇ ಬೆರಳಿನಿಂದ ಕೀಬೋರ್ಡು ಕುಟ್ಟುವುದು, ಕಂಪ್ಯೂಟರು ಅದನ್ನು ಗಟ್ಟಿಯಾಗಿ ಓದಿ ಹೇಳುವುದು ಅಂತ ಆಮೇಲೆ ಒಂದು ವ್ಯವಸ್ಥೆ ಮಾಡಿಕೊಂಡೆವು. ಅದರದು ವಾರ್ತೆ ಓದುವವರ ಧ್ವನಿ. ‘ಸಾರಿಗೆ ಉಪ್ಪು ಜಾಸ್ತಿಯಾಗಿದೆ’ ಅನ್ನುವುದನ್ನೂ ಎಲ್ಲೋ ಸೇತುವೆ ಕುಸಿದ ಸುದ್ದಿಯ ಹಾಗೆ ಹೇಳುತ್ತಿತ್ತು. ಅಮ್ಮನಿಗೆ ಮೊದಮೊದಲು ನಗು ಬರುತ್ತಿತ್ತು. ಆಮೇಲಾಮೇಲೆ ಅಡುಗೆಮನೆಯಿಂದಲೇ ಅದಕ್ಕೆ ಜವಾಬು ಕೊಟ್ಟು ಜಗಳವಾಡಲು ಶುರುಮಾಡಿದಳು.

ಫೋನಿನಲ್ಲೂ ಇದೇ ವ್ಯವಸ್ಥೆ ಮಾಡಿಕೊಟ್ಟಿದ್ದೆ. ಆದರೆ ಜೀವಮಾನವೆಲ್ಲ ಹೊಲಿಗೆ ಯಂತ್ರ ರಿಪೇರಿ ಮಾಡಿದ ಅಪ್ಪನ ಬೆರಳು ಒಂದು ಸಲ ಒತ್ತಿದರೆ ನಾಲ್ಕು ಅಕ್ಷರ ಬೀಳುತ್ತಿದ್ದವು. ಬರೆದು ತೋರಿಸು ಅಂದರೆ ಅಪ್ಪನ ಅಕ್ಷರ ಅಪ್ಪನಿಗೇ ಓದಲು ಬರುವುದಿಲ್ಲ. ಅಣ್ಣ ಒಮ್ಮೆ ಸ್ಲೇಟು ತಂದುಕೊಟ್ಟಾಗ ಅಪ್ಪ ಅದನ್ನು ಮಂಚದ ಕೆಳಗೆ ತಳ್ಳಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ.

ನಮ್ಮಣ್ಣ ಕೆಟ್ಟವನಲ್ಲ, ಅವಸರದವನು. ಎದುರಿನವರು ಅರ್ಧ ವಾಕ್ಯ ಹೇಳಿದರೆ ಉಳಿದರ್ಧವನ್ನು ತಾನೇ ಹೇಳಿ ಮುಗಿಸುತ್ತಾನೆ. ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ. ಕಂಪ್ಯೂಟರು ಕೆಟ್ಟ ಮಾರನೆಯ ದಿನ ಅವನು ಅಪ್ಪನ ಎದುರು ಕೂತು, “ಅಂಗಡಿ ಮುಚ್ಚಿ ಒಂದು ವರ್ಷ ಆಯ್ತು. ಪಕ್ಕದ ಕನ್ನಡಕದ ಅಂಗಡಿಯವನು ಕೇಳ್ತಿದ್ದಾನೆ. ಕೊಟ್ಟುಬಿಡೋಣ ಅಲ್ವಾ ಅಪ್ಪಾ?” ಅಂದ. ಅಪ್ಪ ಹೌದೆನ್ನುವಂತೆ ತಲೆ ಆಡಿಸಿದ. ಆಮೇಲೆ ಕೈಯೆತ್ತಿ ಏನೋ ಸನ್ನೆ ಮಾಡಲು ಹೋದ. ಅಷ್ಟರಲ್ಲಿ ಅಣ್ಣ ಫೋನು ಕಿವಿಗೆ ಹಿಡಿದು ಅಂಗಳಕ್ಕೆ ಹೋಗಿಯಾಗಿತ್ತು.

ಕನ್ನಡಕದವನು ಶನಿವಾರ ಸಂಜೆ ನಾಲ್ಕಕ್ಕೆ ಬಂದು ಮಾತು ಮುಗಿಸುವುದೆಂದು ನಿಶ್ಚಯವಾಯಿತು.

ನನಗೆ ರೇಗಿತು. “ಅಪ್ಪ ಇನ್ನೂ ಏನೋ ಹೇಳೋನಿದ್ದ. ನೀನು ಕೇಳಿಸ್ಕೊಂಡ್ಯಾ?”

“ಕೇಳಿಸ್ಕೊಳ್ಳೋಕೆ ಅವನು ಮಾತಾಡಿದ್ರೆ ತಾನೇ? ಮೌನಂ ಸಮ್ಮತಿ ಲಕ್ಷಣಂ.”

ಗಂಟಲು ಕೊಯ್ಸಿಕೊಂಡವನ ಮುಂದೆ ಹೇಳುವ ಗಾದೆಯೇ ಇದು? ಅಂಗಡಿಯ ಮೇಲೆ ಪ್ರಾಣವಿಟ್ಟುಕೊಂಡ ಅಪ್ಪ ಅದನ್ನು ಕೊಡಲು ಖಂಡಿತ ಒಪ್ಪುವವನಲ್ಲ ಎಂದು ನಾನು ವಾದಿಸಿದೆ. ನಾವಿಬ್ಬರೂ ಕೂಗಾಡುತ್ತಿದ್ದಾಗ ಅಪ್ಪ ನಮ್ಮ ಮಧ್ಯದ ಕುರ್ಚಿಯಲ್ಲೇ ಕೂತಿದ್ದ.

ಶನಿವಾರ ನಾನು ಕೆಲಸ ಮಾಡುವ ರಕ್ತಪರೀಕ್ಷೆಯ ಲ್ಯಾಬಿಗೆ ರಜೆ ಹಾಕಿದೆ. ಸತ್ತದ್ದು ಮದರ್‌ಬೋರ್ಡು ಎಂದು ಕಂಪ್ಯೂಟರಿನ ಅಂಗಡಿಯವರು ಹೇಳಿದ್ದರು. ಹಳೆಯ ಮಾದರಿ ಈಗ ಎಲ್ಲೂ ಸಿಗುವುದಿಲ್ಲವಂತೆ. ಹೊಸದು ಅಳತೆಯಲ್ಲಿ ಚಿಕ್ಕದು, ಪ್ರೊಸೆಸರೂ ಮೆಮೊರಿಯೂ ಅದರ ಜೊತೆಗೇ ಬಂದಿದ್ದವು. ಅವರ ಹುಡುಗರು ಬಂದು ಜೋಡಿಸಬೇಕಾದರೆ ಸೋಮವಾರದವರೆಗೆ ಕಾಯಬೇಕಿತ್ತು. ಸೋಮವಾರದ ಹೊತ್ತಿಗೆ ಅಪ್ಪನ ಮಾತಿಗೆ ಕೆಲಸವೇ ಇರುತ್ತಿರಲಿಲ್ಲ. ನಾನೇ ಜೋಡಿಸುತ್ತೇನೆ ಅಂದೆ.

ಊಟದ ಮೇಜಿನ ಮೇಲೆ ಹಳೆಯ ಬೆಡ್‌ಶೀಟು ಹಾಸಿ ಕಂಪ್ಯೂಟರಿನ ಡಬ್ಬವನ್ನು ಮಲಗಿಸಿದೆ. ಅಪ್ಪ ಎದುರಿಗೆ ಬಂದು ಕೂತ. ಒಂದು ಡಬ್ಬಿಯ ಮುಚ್ಚಳವನ್ನು ನನ್ನ ಕಡೆ ಸರಿಸಿದ. ಬಿಚ್ಚಿದ ಸ್ಕ್ರೂ ಅದರಲ್ಲಿ ಹಾಕು ಎಂದು ಅರ್ಥ.

ಆ ಮುಚ್ಚಳಕ್ಕೆ ನಮ್ಮ ಮನೆಯಲ್ಲಿ ದೊಡ್ಡ ಮರ್ಯಾದೆಯಿದೆ. ಚಿಕ್ಕಂದಿನಲ್ಲಿ ಅಪ್ಪನ ಅಂಗಡಿಯ ಬೆಂಚಿನ ಮೇಲೆ ನಾನೂ ಅಣ್ಣನೂ ಕಲಿತ ಮೊದಲ ಪಾಠ, ಬಿಚ್ಚಿದ್ದೆಲ್ಲ ಮತ್ತೆ ಒಳಗೆ ಹೋಗಬೇಕು ಅನ್ನುವುದು. ಯಂತ್ರ ಓಡುತ್ತಿದ್ದರೂ ಮುಚ್ಚಳದಲ್ಲಿ ಒಂದು ಸ್ಕ್ರೂ ಉಳಿದರೆ ಅಪ್ಪ ಇಡೀ ಯಂತ್ರವನ್ನು ಮತ್ತೆ ಬಿಚ್ಚಿಸುತ್ತಿದ್ದ. ಹಾಗೆ ಉಳಿಸಿದವರಿಗೆ ಆ ದಿನವೆಲ್ಲ ‘ಮಿಕ್ಕಿದವಳು’, ‘ಮಿಕ್ಕಿದವನು’ ಎಂದೇ ಹೆಸರು.

ಹಳೆಯ ಬೋರ್ಡನ್ನು ತೆಗೆದಾಗ ಅದರ ಅಡಿಯಲ್ಲಿ ಒಂದು ವರ್ಷವಲ್ಲ, ಹತ್ತು ವರ್ಷದ ಧೂಳಿತ್ತು. ಬೋರ್ಡು ಡಬ್ಬದ ತಗಡಿಗೆ ತಾಗದಂತೆ ಅದನ್ನು ಎತ್ತಿ ಹಿಡಿಯಲು ಹಿತ್ತಾಳೆಯ ಒಂಬತ್ತು ಪುಟ್ಟ ಗೂಟಗಳಿದ್ದವು. ಅವುಗಳನ್ನೂ ತಿರುಗಿಸಿ ಬಿಚ್ಚಿ, ತಗಡನ್ನು ಒರೆಸಿ, ಒಂದೂ ಬಿಡದೆ ಇದ್ದಲ್ಲಿಯೇ ಮತ್ತೆ ಕೂರಿಸಿದೆ. ಅಪ್ಪ ಮೆಚ್ಚಿ ತಲೆದೂಗಿದ.

ಹೊಸ ಬೋರ್ಡನ್ನು ಮುಟ್ಟುವ ಮೊದಲು ಮೈಯಲ್ಲಿನ ಕರೆಂಟು ಇಳಿಯಲಿ ಎಂದು ಬರಿಗೈಯಿಂದ ತಗಡನ್ನು ಮುಟ್ಟಿದೆ. ಪ್ರೊಸೆಸರಿನ ಮೂಲೆಯ ಗುರುತು ನೋಡಿ ಅದನ್ನು ಬೋರ್ಡಿನ ಮೇಲಿನ ಅದರ ಚೌಕದ ಗುಳಿಯಲ್ಲಿ ಕೂರಿಸಿ ಸರಳಿನ ಚಿಲಕ ಹಾಕಿದೆ. ಮೆಮೊರಿಯನ್ನು ಟಕ್ ಅನ್ನುವವರೆಗೆ ಒತ್ತಿದೆ. ಬೋರ್ಡನ್ನು ಗೂಟಗಳ ಮೇಲಿಟ್ಟು ಸ್ಕ್ರೂ ಹಾಕುತ್ತ ಬಂದರೆ ಹೊಸದಕ್ಕೆ ಆರೇ ತೂತು. ಮೂರು ಸ್ಕ್ರೂ ಉಳಿದವು. ಎರಡು ಗೂಟಗಳು ಬೋರ್ಡಿನ ಅಂಚಿನಾಚೆ ಬರಿದೇ ನಿಂತಿದ್ದವು, ಅವುಗಳ ತಲೆಗೆ ಎರಡು ಸ್ಕ್ರೂ ಹಾಕಿ ಕೈತೊಳೆದುಕೊಂಡೆ. ಒಂದು ಮಾತ್ರ ಮುಚ್ಚಳದಲ್ಲಿ ಉಳಿಯಿತು. ಅಪ್ಪ ಅದನ್ನೇ ನೋಡುತ್ತ ಕೂತ.

ವೈರುಗಳನ್ನೆಲ್ಲ ಚುಚ್ಚಿ ಗುಂಡಿ ಒತ್ತಿದೆ. ಫ್ಯಾನು ಅರ್ಧ ಸುತ್ತು ತಿರುಗಿ ನಿಂತಿತು. ಮತ್ತೆ ಒತ್ತಿದೆ, ಮತ್ತೆ ಅರ್ಧ ಸುತ್ತು.

“ನಿನ್ನಿಂದಾಗಲ್ಲ ಬಿಡು,” ಎಂದ ಅಣ್ಣ, ಬಾಗಿಲಿಗೆ ಒರಗಿ. “ಅವನು ಬರೋ ಹೊತ್ತಾಯ್ತು. ಮೇಜು ಖಾಲಿ ಮಾಡು.”

“ನೀನು ಬಾಯಿ ಖಾಲಿ ಮಾಡು ಮೊದ್ಲು.”

ಆ ಉಳಿದ ಸ್ಕ್ರೂ ಎಲ್ಲಿಯದೆಂದು ಹುಡುಕುವುದೇ ನನಗೊಂದು ಹುಚ್ಚಾಯಿತು. ಅದನ್ನು ಹಾಕದೆ ಬಿಟ್ಟದ್ದಕ್ಕೇ ಹೀಗಾಗಿದೆ ಎಂದು ನನ್ನ ರಕ್ತ ಹೇಳುತ್ತಿತ್ತು. ಪ್ರತಿಯೊಂದು ಮೂಲೆಗೆ ಟಾರ್ಚು ಹಿಡಿದೆ. ಕೊನೆಗೆ ಏನೂ ತೋಚದೆ ಬೋರ್ಡನ್ನು ಹೊರಗೆ ತೆಗೆದು ಅದು ಬಂದಿದ್ದ ರಟ್ಟಿನ ಪೆಟ್ಟಿಗೆಯ ಮೇಲೆಯೇ ಇಟ್ಟು ಕರೆಂಟು ಕೊಟ್ಟೆ. ಫ್ಯಾನು ಸೊಗಸಾಗಿ ತಿರುಗಿತು.

ರಟ್ಟಿನ ಮೇಲೆ ಓಡುತ್ತದೆ, ಡಬ್ಬದೊಳಗೆ ಓಡುವುದಿಲ್ಲ. ಬಗ್ಗಿ ಡಬ್ಬದ ತಳವನ್ನು ನೋಡಿದೆ. ಸ್ಕ್ರೂ ಸಿಗದ ಆ ಒಂಬತ್ತನೆಯ ಗೂಟ ಹೊಸ ಬೋರ್ಡಿನ ಹೊಟ್ಟೆಗೆ ನೇರ ಕೆಳಗೆ ನಿಂತಿತ್ತು. ಮೇಲೆ ತೂತಿಲ್ಲ, ಬೆಸುಗೆಯ ಚುಕ್ಕಿಗಳಿವೆ. ಹಿತ್ತಾಳೆ ಅವಕ್ಕೆ ತಾಗಿ ಕರೆಂಟನ್ನು ತಗಡಿಗೆ ಇಳಿಸುತ್ತಿತ್ತು. ಬೋರ್ಡು ತನ್ನನ್ನು ತಾನು ಕಾಪಾಡಿಕೊಳ್ಳಲು ನಿಲ್ಲುತ್ತಿತ್ತು. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗೆ, ಹಾಕದೆ ಬಿಟ್ಟದ್ದನ್ನು ನಾನು ಹುಡುಕುತ್ತಿದ್ದೆ. ತಪ್ಪಾಗಿದ್ದದ್ದು ತೆಗೆಯದೆ ಬಿಟ್ಟದ್ದರಿಂದ. ಬೇರೆ ಯಾರ ಮನೆಯಲ್ಲಾದರೂ ಬೇಡದ ಗೂಟವನ್ನು ಯೋಚಿಸದೆ ಪಕ್ಕಕ್ಕಿಡುತ್ತಿದ್ದರು. ನಮ್ಮ ಮನೆಯಲ್ಲಿ ಅದಕ್ಕೆ ಧೈರ್ಯ ಬೇಕಿತ್ತು.

ಮೂರೂ ಗೂಟಗಳನ್ನು ಬಿಚ್ಚಿ, ಮೂರು ಸ್ಕ್ರೂಗಳ ಜೊತೆ ಮುಚ್ಚಳಕ್ಕೆ ಹಾಕಿದೆ. ಅಪ್ಪನ ಹುಬ್ಬು ಮೇಲೇರಿತು. ನಾನು ಅಪ್ಪನ ಮುಖ ನೋಡದೆ ಬೋರ್ಡನ್ನು ಬಿಗಿದೆ.

ಈ ಸಲ ಪರದೆಯ ಮೇಲೆ ಅಕ್ಷರ ಬಂದವು, ಆದರೆ ಶುರುಮಾಡಲು ಡಿಸ್ಕೇ ಇಲ್ಲ ಎಂಬ ತಕರಾರು. ಬೋರ್ಡಿನ ಸೆಟ್ಟಿಂಗಿನೊಳಗೆ ಹೋದೆ. ತಾರೀಕು ಯಾವುದೋ ಕಾಲದಲ್ಲಿತ್ತು, ಸರಿಪಡಿಸಿದೆ. ಹೊಸ ಬೋರ್ಡಿಗೆ ಹೊಸ ಪದ್ಧತಿಯ ಡಿಸ್ಕು ಮಾತ್ರ ಪರಿಚಯ. ಹಳೆಯ ಪದ್ಧತಿಯದನ್ನೂ ಒಪ್ಪಿಕೋ ಎಂದು ಆಯ್ಕೆ ಬದಲಿಸಿ, ಅಪ್ಪನ ಡಿಸ್ಕನ್ನು ಸಾಲಿನ ಮೊದಲಿಗೆ ತಂದು ಉಳಿಸಿದೆ. ಕಂಪ್ಯೂಟರು ತುಂಬ ಹೊತ್ತು ಯೋಚಿಸಿ, ಒಂದೆರಡು ಸಲ ತಾನೇ ಆರಿ ಹತ್ತಿ, ಕಡೆಗೆ ಅಪ್ಪನ ಹಳೆಯ ಪರದೆಯನ್ನು ತೋರಿಸಿತು.

ಅಷ್ಟರಲ್ಲಿ ಕನ್ನಡಕದವನು ಬಂದ. ಅಣ್ಣ ಅವನನ್ನು ಕೂರಿಸಿ, “ಅಪ್ಪ ಒಪ್ಪಿದ್ದಾರೆ, ಇನ್ನೇನಿಲ್ಲ,” ಅಂದ.

“ಐದು ನಿಮಿಷ,” ಅಂದೆ. ಹೊಸ ಬೋರ್ಡಿನಿಂದ ಶಬ್ದ ಹೊರಡಿಸುವ ಡ್ರೈವರ್ ಎಂಬ ತಂತ್ರಾಂಶ ಹಾಕುವುದು ಬಾಕಿಯಿತ್ತು. ಅದಿಲ್ಲದೆ ಕಂಪ್ಯೂಟರೂ ಅಪ್ಪನ ಹಾಗೆಯೇ.

ಡ್ರೈವರ್ ಹಾಕಿ, ಸ್ಪೀಕರಿನ ವೈರು ಹಸಿರು ತೂತಿಗೆ ಸಿಕ್ಕಿಸಿ, ಕೀಬೋರ್ಡನ್ನು ಅಪ್ಪನ ಮುಂದೆ ಸರಿಸಿದೆ. ಅಪ್ಪನ ಬೆರಳು ಒಂದೊಂದೇ ಅಕ್ಷರ ಹುಡುಕಿ ಕುಟ್ಟಿತು.

“ಆ ಮೂರು ಗೂಟ ಯಾವ ಮಿಷನ್ನಿಂದು?” ಎಂದಿತು ವಾರ್ತೆಯ ಧ್ವನಿ.

ಅಮ್ಮ ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. “ಮೂರು ದಿನದ ಮೇಲೆ ಬಾಯಿ ಬಂತು, ಕೇಳಿದ್ದು ನೋಡು!”

“ಇದ್ರದ್ದೇ ಅಪ್ಪಾ. ಆದ್ರೆ ಉಳೀಬೇಕು. ಒಳಗಿದ್ರೆ ಬೋರ್ಡು ಓಡಲ್ಲ.”

ಅಪ್ಪ ಮುಚ್ಚಳದಿಂದ ಒಂದು ಗೂಟವನ್ನು ಎತ್ತಿ ಬೆಳಕಿಗೆ ಹಿಡಿದು ನೋಡಿದ. ಆಮೇಲೆ ಕುಟ್ಟಿದ. “ನಾನು ಹೇಳಿಕೊಟ್ಟಿದ್ದು ಹೊಲಿಗೆ ಮಿಷನ್ನಿಗೆ. ಇದಕ್ಕಲ್ಲ.”

ಕನ್ನಡಕದವನು ಕೆಮ್ಮಿದ. ಅಣ್ಣ ಮುಂದೆ ಬಗ್ಗಿ, “ಅಪ್ಪಾ, ಅಂಗಡಿ ವಿಷ್ಯ,” ಅಂದ. ಅಪ್ಪ ಕೀಬೋರ್ಡಿನ ಕಡೆ ತಿರುಗಿದ.

“ಕೊಡೋಣ.”

ಅಣ್ಣ ನನ್ನ ಕಡೆ ನೋಡಿ ಗೆದ್ದವನಂತೆ ನಕ್ಕ. ನನ್ನ ಮುಖ ಸಣ್ಣದಾಯಿತು. ಅಪ್ಪ ಒಪ್ಪುವುದಿಲ್ಲ ಎಂದು ಅಷ್ಟೊಂದು ಕೂಗಾಡಿದ್ದ ನಾನೂ ಅಪ್ಪನನ್ನು ಏನೂ ಕೇಳಿರಲಿಲ್ಲ. ಆದರೆ ಬೆರಳು ನಿಂತಿರಲಿಲ್ಲ.

“ಆದರೆ.”

“ಆದ್ರೆ ಏನು, ಬೆಂಚು ತಾನೇ? ಅದನ್ನ ನಾವು ಮನೆಗೆ…”

“ಬಾಯ್ಮುಚ್ಚೋ,” ಎಂದಳು ಅಮ್ಮ. “ಅವರು ಮಾತಾಡ್ತಿದ್ದಾರೆ.”

ಅಣ್ಣ ಬಾಯಿ ಮುಚ್ಚಿದ. ಕೋಣೆಯಲ್ಲಿ ಕೀಬೋರ್ಡಿನ ಸದ್ದೊಂದೇ. ಅಪ್ಪ ಒಂದು ಅಕ್ಷರ ತಪ್ಪಿದ, ಅಳಿಸಿದ, ಮತ್ತೆ ಕುಟ್ಟಿದ. ಕನ್ನಡಕದವನು ಕೂಡ ಕುರ್ಚಿಯ ಅಂಚಿನಿಂದ ಹಿಂದಕ್ಕೆ ಸರಿದು ಕೂತ.

“ತಲೆ ಆಡಿಸಿ ಹೌದು ಅನ್ನಬಹುದು. ಇಲ್ಲ ಅನ್ನಬಹುದು. ‘ಆದರೆ’ ಅನ್ನೋಕೆ ಆಗಲ್ಲ.”

ಅಣ್ಣ ತಲೆ ತಗ್ಗಿಸಿದ. ಅಪ್ಪ ಅವನನ್ನು ನೋಡದೆ ಕುಟ್ಟುತ್ತ ಹೋದ.

“ಅಂಗಡಿಯಲ್ಲಿ ಬಿಚ್ಚಿಟ್ಟ ಮಿಷನ್ ಇವೆ. ಆಸ್ಪತ್ರೆಗೆ ಹೋಗೋ ಮುಂಚೆ ಬಿಚ್ಚಿದ್ದು. ಎಲ್ಲ ಜೋಡಿಸಬೇಕು. ಹೊಲಿದು ನೋಡಬೇಕು. ಅವರವರದು ಅವರವರಿಗೆ ಕೊಡಬೇಕು. ಆಮೇಲೆ ಬಾಗಿಲು ನಾನೇ ಹಾಕ್ತೀನಿ.”

ಆ ಯಂತ್ರಗಳ ನೆನಪು ನಮ್ಮಿಬ್ಬರಿಗೂ ಇರಲಿಲ್ಲ. ಅಲ್ಲಿ ಎಷ್ಟು ಮುಚ್ಚಳಗಳಲ್ಲಿ ಎಷ್ಟು ಸ್ಕ್ರೂಗಳು ಒಂದು ವರ್ಷದಿಂದ ಕಾಯುತ್ತಿದ್ದವೋ. ಅಪ್ಪನಿಗೆ ಮಾತ್ರ ಪ್ರತಿ ರಾತ್ರಿ ಅವು ಕಣ್ಣ ಮುಂದೆ ಬರುತ್ತಿದ್ದಿರಬೇಕು.

“ಆಗ್ಲಿ ಯಜಮಾನ್ರೇ, ನನಗೇನೂ ಅವಸರ ಇಲ್ಲ,” ಎಂದ ಕನ್ನಡಕದವನು.

ಅಣ್ಣ ಎದ್ದ. ಹೊರಗೆ ಹೋಗುತ್ತಾನೆ ಅಂದುಕೊಂಡೆ. ಅವನು ಕುರ್ಚಿಯನ್ನು ಎಳೆದು ತಂದು ಅಪ್ಪನ ಪಕ್ಕಕ್ಕೆ ಹಾಕಿ ಕೂತ.

“ಎಷ್ಟು ದಿನ ಬೇಕಾಗತ್ತೆ ಅಪ್ಪಾ? ನಾವಿಬ್ರೂ ಕೈ ಹಾಕಿದ್ರೆ?”

ಉತ್ತರ ಅವನ ತುಟಿಯ ತುದಿಗೆ ಬಂದಿತ್ತು, ನನಗೆ ಕಾಣುತ್ತಿತ್ತು. ಅವನು ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ತುಟಿ ಬಿಗಿದ. ಅಪ್ಪನ ಬೆರಳು ನಿಧಾನಕ್ಕೆ ಅಕ್ಷರ ಹುಡುಕುತ್ತಿತ್ತು. ಅಣ್ಣ ಕಾದ.